ಕುಂಟುವ ವಿಧಾನದ ಕುರಿತು ಸಮಿತಿಯ ತೀರ್ಮಾನ

ಗಡಿಯಾಚೆ ಆಂಧ್ರದ ಆದೋನಿಯ ಖಾಸಗಿ ಡಿಗ್ರಿ ಕಾಲೇಜೊಂದರ ಚಲನಚಿತ್ರ ಸಮಿತಿಯು ಮಹಿಳೆಯರನ್ನೂ ವಿಕಲಚೇತನರನ್ನೂ ಏಕಕಾಲದಲ್ಲಿ ಗೌರವಿಸಲು ಸರ್ವಾನುಮತದಿಂದ ತೀರ್ಮಾನಿಸಿತು. ವಿದ್ಯಾರ್ಥಿಗಳ ಕಿರುಚಿತ್ರ ಸ್ಪರ್ಧೆ ನಡೆಸುವ ಸಂಸ್ಥೆಯೊಂದು ಆ ವರ್ಷ ಅಂಥ ಗೌರವಕ್ಕೆ ಹೆಚ್ಚುವರಿ ಅಂಕ ಕೊಡುವುದಾಗಿ ಪ್ರಕಟಿಸಿತ್ತು. ಹಿಂದಿನ ವರ್ಷ ಅಂಕ ಇರಲಿಲ್ಲವಾದ್ದರಿಂದ ಗೌರವದ ವಿಷಯ ಸಭೆಯ ಮುಂದೆ ಬಂದಿರಲಿಲ್ಲ.

ಸಮಿತಿಯ ಅಧ್ಯಕ್ಷರು ಪ್ರಿನ್ಸಿಪಾಲ್ ಹಾಲಸ್ವಾಮಿಯವರು. ಸಂಚಾಲಕರು ಕೆಮಿಸ್ಟ್ರಿ ಲೆಕ್ಚರರ್ ಕೊಟ್ರೇಶ್ ಸರ್. ನಿರ್ದೇಶಕ ಸೋಮೇಶ್. ಅವನ ಅಪ್ಪ ಹತ್ತಿ ವ್ಯಾಪಾರಿ. ಚಿತ್ರೀಕರಣಕ್ಕೆ ಅವರ ಜಿನ್ನಿಂಗ್ ಮಿಲ್ಲು ಸಿಗುವುದಿತ್ತಾದ್ದರಿಂದ ಮಗನ ಪ್ರತಿಭೆಯ ಬಗ್ಗೆ ಯಾರಿಗೂ ಅನುಮಾನವಿರಲಿಲ್ಲ. ಕಥೆ ಮಾತ್ರ ಇರಲಿಲ್ಲ.

ಕಥೆ ಶಿರೀಷಾಳ ಹತ್ತಿರ ಇತ್ತು. ಆಕೆ ಆಲೂರಿನಿಂದ ದಿನಾ ಬಸ್ಸಿಗೆ ಬರುವ ಬಿ.ಕಾಂ. ಕೊನೆ ವರ್ಷದ ಹುಡುಗಿ. ಹುಟ್ಟಿನಿಂದಲೇ ಎಡಗಾಲು ಗಿಡ್ಡ, ಕಂಕುಳಲ್ಲಿ ಊರುಗೋಲು. ಬೇಸಿಗೆ ರಜೆಯೆಲ್ಲ ಕೂತು ಆಕೆ ಒಂದು ಥ್ರಿಲ್ಲರ್ ಬರೆದಿದ್ದಳು. ಹತ್ತಿ ಮಿಲ್ಲಿನಲ್ಲಿ ಒಂದು ಕೊಲೆ ಆಗುತ್ತದೆ. ಗೇಟಿನ ಪಕ್ಕ ಕೂರುವ ಗುಮಾಸ್ತೆ ನಾಗವೇಣಿ ಊರುಗೋಲಿನವಳು. ನೆಲ ನೋಡಿ ನೋಡಿ ಹೆಜ್ಜೆ ಇಟ್ಟು ಬೆಳೆದವಳಾದ್ದರಿಂದ ಬೇರೆಯವರ ಹೆಜ್ಜೆ ಸಪ್ಪಳವೂ ಆಕೆಗೆ ಮನಪಾಠ. ಕೊಲೆಗಾರ ಒಂದು ದಿನ ತಾನಾಗಿಯೇ ಆ ಗೇಟು ದಾಟುತ್ತಾನೆ, ಆಕೆ ಕುರ್ಚಿಯಿಂದ ಏಳದೆಯೇ ಅವನ ಹೆಸರು ಹೇಳುತ್ತಾಳೆ. ನಾಗವೇಣಿಯ ಪಾತ್ರ ತಾನೇ ಮಾಡಬೇಕೆಂದು ಶಿರೀಷಾಳ ಆಸೆ. ಆ ಹೆಸರು ಹೇಳುವ ಮಾತನ್ನು ಮನೆಯಲ್ಲಿ ಕನ್ನಡಿ ಮುಂದೆ ಅದೆಷ್ಟು ಸಲ ಹೇಳಿ ನೋಡಿದ್ದಳೋ.

ಸಮಿತಿ ಕಥೆಯನ್ನು ಓದಿ ಮೆಚ್ಚಿಕೊಂಡಿತು. ಆಮೇಲೆ ತಿದ್ದಲು ಕೂತಿತು.

“ಕತಿ ಚಲೋ ಐತಮ್ಮ,” ಎಂದರು ಕೊಟ್ರೇಶ್ ಸರ್. “ಆದ್ರ ಓಡೋ ಸೀನೇ ಇಲ್ಲಲ್ಲ?”

“ಆಕಿ ಓಡಾಕಿ ಅಲ್ರಿ ಸರ್. ಕುಂತಲ್ಲೇ ಹಿಡೀತಾಳ.”

“ಕುಂತು ಹಿಡಿಯೋದು ಥ್ರಿಲ್ಲರ್ ಅಲ್ಲಮ್ಮ, ಮೀನು ಹಿಡಿಯೋದು.”

ಪ್ರಿನ್ಸಿಪಾಲರು ನಡುವೆ ಬಂದು ವಿಷಯವನ್ನು ತತ್ವದ ಮಟ್ಟಕ್ಕೆ ಏರಿಸಿದರು. ಓಡಲಾಗದವಳನ್ನು ಓಡಿಸಿದರೆ ವಿಕಲಚೇತನರಿಗೆ ಅಗೌರವ. ಕೂರಿಸಿದರೆ ಪ್ರೇಕ್ಷಕರಿಗೆ ಅಗೌರವ. ಆದ್ದರಿಂದ ನಾಗವೇಣಿಯ ಬದಲು ವಿಕ್ರಮ್ ಎಂಬ ಪತ್ತೇದಾರ ಬಂದ. ವಿಕ್ರಮ್ ಆಗಲು ಸೋಮೇಶ್ ಒಪ್ಪಿಕೊಂಡ. ಹೀಗೆ ಉಳಿದುಹೋದ ಊರುಗೋಲನ್ನು ಎಲ್ಲಿಡಬೇಕೆಂಬ ಪ್ರಶ್ನೆ ಬಂದಾಗ ಅದನ್ನು ಕೊಲೆಗಾರನಿಗೆ ಕೊಡಲಾಯಿತು.

“ಯಾಕ್ರಿ ಸರ್?” ಎಂದಳು ಶಿರೀಷಾ.

“ಕೊಲಿಗಾರ ಯಾರಂತ ಹಿಂದಿನ ಸಾಲಿನೋರಿಗೂ ಮೊದಲೇ ಗೊತ್ತಾಗಬೇಕಲ್ಲಮ್ಮ,” ಎಂದರು ಕೊಟ್ರೇಶ್ ಸರ್.

“ಮೊದಲೇ ಗೊತ್ತಾದ್ರ ಥ್ರಿಲ್ಲರ್ ಹೆಂಗಾಗ್ತೈತ್ರಿ?”

“ಗೊತ್ತಿದ್ದೂ ಅಂಜೋದೇ ಥ್ರಿಲ್ಲರ್.”

ಶಿರೀಷಾ ಊರುಗೋಲನ್ನು ಮೇಜಿಗೆ ಒರಗಿಸಿದಳು. ಆಮೇಲೆ, “ಹಂಗಾದ್ರ ಕೊಲಿ ನಾನೇ ಮಾಡ್ತೀನ್ರಿ,” ಅಂದಳು.

ಪ್ರಿನ್ಸಿಪಾಲರು ಕನ್ನಡಕ ತೆಗೆದರು. “ಹೆಣ್ಮಗಳು ಕೊಲಿ ಮಾಡಿದ್ರ ಮಹಿಳೆಯರ ಅಂಕ ಹೋಗ್ತಾವಮ್ಮ.”

“ಮತ್ತ ಮಹಿಳೆ ಏನು ಮಾಡಬೇಕ್ರಿ?”

ಇದಕ್ಕೆ ಉತ್ತರ ಸಭೆಯ ನಡಾವಳಿಯಲ್ಲಿ ದಾಖಲಾಯಿತು: “ಚಿತ್ರದಲ್ಲಿ ಮಹಿಳೆಯನ್ನು ಗೌರವಯುತವಾಗಿ ಕುರ್ಚಿಗೆ ಕಟ್ಟಿಹಾಕತಕ್ಕದ್ದು. ಹಗ್ಗ ಹೊಸದಾಗಿರತಕ್ಕದ್ದು.”

ಕಟ್ಟಿಸಿಕೊಳ್ಳಲು ಅಮೂಲ್ಯ ಆಯ್ಕೆಯಾದಳು. ಆಕೆ ಕಾಲೇಜಿನ ಕಬಡ್ಡಿ ತಂಡದ ನಾಯಕಿ, ಶಿರೀಷಾಳ ಗೆಳತಿ. ಮೊದಲ ದಿನವೇ ಉಸಿರು ಎಳೆದುಕೊಂಡಾಗ ಗಂಟು ಬಿಚ್ಚಿಹೋಯಿತು. ಎರಡನೇ ಸಲ ಕುರ್ಚಿಯ ಕೈ ಕಿತ್ತು ಬಂತು. “ಚಾಕು ತೋರಿಸಿದ ಕೂಡ್ಲೇ ಮೂರ್ಛೆ ಬೀಳು,” ಎಂದ ಸೋಮೇಶ್. ಅಮೂಲ್ಯ, “ಅದರ ಬದಲಿ ಚಾಕು ಕಸ್ಕಂಡ್ರ ಆಗಲ್ಲೇನು?” ಅಂದಳು. ಮಹಿಳೆಯ ಪಾತ್ರಧಾರಿಯು ಉಸಿರಾಟವನ್ನು ನಿಯಂತ್ರಣದಲ್ಲಿಟ್ಟುಕೊಳ್ಳತಕ್ಕದ್ದೆಂದು ಸಮಿತಿ ಒಂದು ಹೊಸ ನಿಯಮ ಸೇರಿಸಿತು.

ಕೊಲೆಗಾರನ ಪಾತ್ರಕ್ಕೆ ಕಾಲೇಜಿನ ಕಿರಿಯ ವಿದ್ಯಾರ್ಥಿ, ನಂದವರಂನ ದುರುಗೇಶ ಬಂದ. ಸಾಧು ಹುಡುಗ. ಶಿರೀಷಾಳಿಗೆ ಸಮಿತಿಯು “ಕುಂಟು ಸಲಹೆಗಾರ್ತಿ” ಎಂಬ ಹುದ್ದೆ ಸೃಷ್ಟಿಸಿತು. ಬೇಡವೆಂದು ಮನೆಗೆ ಹೋಗಬಹುದಿತ್ತು. ಕಥೆಯಂತೂ ಕೈತಪ್ಪಿತು, ನಡಿಗೆಯಾದರೂ ಸರಿಯಿರಲಿ ಎಂದುಕೊಂಡು ಆಕೆ ಒಪ್ಪಿದಳು.

ಮಿಲ್ಲಿನ ಅಂಗಳದಲ್ಲಿ ದುರುಗೇಶ, “ಅಕ್ಕಾ, ಭಾರ ಯಾವ ಕಡಿ ಹಾಕ್ಲಿ?” ಎಂದು ಕೇಳಿದ.

“ಹಾಕೋದಲ್ಲಪ್ಪ. ಮುಂದಿನ ಹೆಜ್ಜಿಗೆ ಉಳಿಸ್ಕಂಡು ನಡಿ.”

ಹುಡುಗ ಪಟ್ಟು ಹಿಡಿದು ಕಲಿತ. ಒಂದು ಸಂಜೆ ಅವನು ಗೇಟಿನ ಕಡೆ ನಡೆದು ಹೋಗುವಾಗ ಶಿರೀಷಾ ಹಿಂದೆ ನಿಂತು ನೋಡಿದಳು. ಅದು ಆಕೆಯದೇ ನಡಿಗೆ. ತಾನು ನಡೆಯುವುದನ್ನು ಆಕೆ ಹಿಂದಿನಿಂದ ನೋಡಿದ್ದೇ ಇಲ್ಲ. ನೋಡಿದರೆ, ಅದರಲ್ಲಿ ಅಸಹ್ಯ ಅನ್ನುವಂಥದ್ದೇನೂ ಇರಲಿಲ್ಲ. ಎಲ್ಲಿಗೋ ಹೊರಟವರ ನಡಿಗೆ, ಅಷ್ಟೇ.

ಕೊಟ್ರೇಶ್ ಸರ್ ಕೂಡ ನೋಡಿದರು. “ಏನೂ ಕಾಣವಲ್ದಲ್ಲ! ಬರೇ ನಡದಂಗೈತಿ,” ಎಂದು ಕಳವಳಗೊಂಡರು.

ಸುಧಾರಣೆಗಳು ಕೂಡಲೇ ಜಾರಿಗೆ ಬಂದವು. ದುರುಗೇಶನ ಬೂಟಿನೊಳಗೆ ಜಲ್ಲಿಕಲ್ಲು ಹಾಕಲಾಯಿತು. ಕಾಲನ್ನು ನೆಲದ ಮೇಲೆ ಎಳೆಯಬೇಕು, ಎಳೆದಾಗೊಮ್ಮೆ ಭುಜ ಮೇಲೇಳಬೇಕು. ಒಂದೇ ನ್ಯೂನತೆ ಸಾಲದೆಂದು ಬಲಗಣ್ಣಿಗೆ ಪಟ್ಟಿ ಅಂಟಿಸಿದರು. ಪ್ರತಿ ಹೆಜ್ಜೆಗೂ ಡೋಲಿನ ಸದ್ದು ಸೇರಿಸುವುದೆಂದು ನಿರ್ಧಾರವಾಯಿತು. ನೋಡಿದ ಎಲ್ಲರೂ ಈಗ ಸಹಜವಾಗಿದೆ ಎಂದರು.

ಕ್ಲೈಮ್ಯಾಕ್ಸಿನಲ್ಲಿ ಕೊಲೆಗಾರ ಒತ್ತಿ ಕಟ್ಟಿದ ಹತ್ತಿ ಬೇಲುಗಳ ರಾಶಿಯನ್ನು ಹತ್ತಿಳಿದು ಓಡುವುದು, ವಿಕ್ರಮ್ ಬೈಕಿನಲ್ಲಿ ಬೆನ್ನಟ್ಟಿಯೂ ಹಿಡಿಯಲಾಗದಿರುವುದು ಎಂದಿತ್ತು.

“ಸರ್, ನಾಗವೇಣಿ ಕುಂಟಿ ಅಂತ ಓಡಾಕ ಬರಲ್ಲ ಅಂದ್ರಿ. ಇವನು ಬೈಕಿಗಿಂತ ಜೋರು ಓಡ್ತಾನಲ್ರಿ?” ಎಂದಳು ಶಿರೀಷಾ.

ಕೊಟ್ರೇಶ್ ಸರ್‌ಗೆ ಆಕೆಯ ಮೇಲೆ ಕನಿಕರ ಬಂತು. “ನಾಗವೇಣಿ ಕುಂಟೋದು ಕಾಲಿಂದಮ್ಮ. ಇವನು ಕುಂಟೋದು ಸಿಟ್ಟಿಂದ.”

ಒಂದು ಕಣ್ಣು ಮುಚ್ಚಿ, ಬೂಟಿನಲ್ಲಿ ಕಲ್ಲು ಇಟ್ಟುಕೊಂಡು ಓಡಿದ ದುರುಗೇಶ ಬೇಲುಗಳ ಮೇಲಿನಿಂದ ಬಿದ್ದ. ಪಾದದ ಕೀಲು ಮುರಿಯಿತು. ಅವನ ಕೂಗು ಅದ್ಭುತವಾಗಿ ಬಂದಿತ್ತಾದ್ದರಿಂದ ಅದನ್ನೇ ವಿಲನ್ನಿನ ಸಾವಾಗಿ ಉಳಿಸಿಕೊಂಡರು. ಆಸ್ಪತ್ರೆಗೆ ಅವನನ್ನು ಹೊತ್ತೊಯ್ದದ್ದು ಅಮೂಲ್ಯ. ಅದನ್ನು ಕ್ಯಾಮೆರಾ ಆಫ್ ಮಾಡಿದ ಮೇಲೆ ಮಾಡಬೇಕೆಂದು ಎತ್ತುವ ಮುನ್ನ ಆಕೆಗೆ ತಿಳಿಸಲಾಗಿತ್ತು.

ಚಿತ್ರಕ್ಕೆ ಬಹುಮಾನ ಬಂತು: “ಅತ್ಯುತ್ತಮ ಪ್ರಾತಿನಿಧ್ಯ.” ಮಂತ್ರಾಲಯದ ಕಲ್ಯಾಣ ಮಂಟಪವೊಂದರಲ್ಲಿ ಸಮಾರಂಭ. ಪ್ಲಾಸ್ಟರ್ ಬಿಚ್ಚಿದ್ದ ದುರುಗೇಶ ಈಗ ನಿಜವಾಗಿಯೇ ಕುಂಟುತ್ತಿದ್ದ, ಅಂದರೆ ಮೆಲ್ಲಗೆ, ನೋವು ಯಾರಿಗೂ ಕಾಣದ ಹಾಗೆ. ತೀರ್ಪುಗಾರರ ಮುಖ್ಯಸ್ಥ ವೆಂಕಟಪ್ಪನವರಿಗೆ ನಿರಾಸೆಯಾಯಿತು.

“ಸಿನಿಮಾಲೋ ಚಾಲಾ ಬಾಗುಂದಿ, ಭಾಳ ಚಲೋ ಐತಿ. ಇಲ್ಲಿ ಯಾಕೋ ಆಕ್ಟಿಂಗ್ ಕಡಿಮಿ ಆಗೈತಿ,” ಅಂದರು. ಆಮೇಲೆ ಶಿರೀಷಾಳ ಕಡೆ ತಿರುಗಿ, “ಈ ಹುಡುಗಿ?” ಎಂದರು.

“ಹುಟ್ಟಾ ಅಂಗವಿಕಲೆ ರೀ ಸರ್,” ಎಂದರು ಕೊಟ್ರೇಶ್ ಸರ್, ಹೆಮ್ಮೆಯಿಂದ.

ವೆಂಕಟಪ್ಪನವರು ಆಕೆಯನ್ನು ಎರಡು ಸಲ ಅತ್ತಿತ್ತ ನಡೆಸಿ ನೋಡಿದರು. “ಹುಟ್ಟಿದಾಗಿಂದ ಮಾಡ್ತಾ ಇದ್ರೂ ಇಷ್ಟೇನಾ? ಪ್ರಾಕ್ಟೀಸ್ ಕಾವಾಲಿ, ಪ್ರಾಕ್ಟೀಸ್ ಬೇಕು.”

ವಿಕಲಚೇತನರನ್ನು ಸನ್ಮಾನಿಸುವ ವೇದಿಕೆ ಎತ್ತರವಾಗಿತ್ತು, ಮೆಟ್ಟಿಲು ಕಡಿದಾಗಿತ್ತು. ಸ್ವಯಂಸೇವಕರು ಚರ್ಚೆ ಮಾಡುತ್ತ ನಿಂತಿದ್ದಾಗ ಅಮೂಲ್ಯ ಬಂದು, ಶಿರೀಷಾಳನ್ನು ಕುರ್ಚಿ ಸಮೇತ ಎತ್ತಿ ಒಬ್ಬಳೇ ವೇದಿಕೆಯ ಮೇಲೆ ಇಟ್ಟಳು. ಮಹಿಳೆಯರ ಅಂಕಕ್ಕೆ ಒದಗಿದ ಅಪಾಯವನ್ನು ಅರಿತು ಕೊಟ್ರೇಶ್ ಸರ್ ಕೆಳಗಿನಿಂದ ಕಣ್ಸನ್ನೆ ಮಾಡಿದರು. ಅಮೂಲ್ಯ ನಿಟ್ಟುಸಿರುಬಿಟ್ಟು ಮೂರ್ಛೆ ಬಿದ್ದಳು. ಚಪ್ಪಾಳೆ ಬಿತ್ತು.

“ಎಷ್ಟೊತ್ತು ಬಿದ್ದಿರ್ಲೆ?” ಎಂದು ನೆಲದಿಂದ ಪಿಸುಗುಟ್ಟಿದಳು.

“ಮಹಿಳಾ ಶಕ್ತಿ ಬಗ್ಗೆ ಮಾತಾಡಾಕತ್ಯಾರ. ಮುಗಿಯೋತನಕ ಏಳಬ್ಯಾಡ,” ಎಂದಳು ಶಿರೀಷಾ. ಇಬ್ಬರಿಗೂ ನಗು ತಡೆಯುವುದೇ ಕಷ್ಟವಾಯಿತು. ಆ ಇಡೀ ಚಿತ್ರದ ಕೆಲಸದಲ್ಲಿ ಶಿರೀಷಾ ನಕ್ಕಿದ್ದು ಅದೊಂದೇ ಸಲ.

ಮರುವಾರ ಕಾಲೇಜಿನ ಫಲಕದಲ್ಲಿ ಸುತ್ತೋಲೆ ಬಂತು: “ನಮ್ಮ ವಿಕಲಚೇತನ ವಿದ್ಯಾರ್ಥಿಗಳ ನಡಿಗೆಯು ಪ್ರಶಸ್ತಿ ವಿಜೇತ ಚಿತ್ರದ ನಡಿಗೆಗೆ ತಾಳೆಯಾಗುತ್ತಿಲ್ಲವೆಂಬುದು ಗಮನಕ್ಕೆ ಬಂದಿರುತ್ತದೆ. ಸಂಸ್ಥೆಯ ಘನತೆಯ ದೃಷ್ಟಿಯಿಂದ ಶ್ರೀ ಕೊಟ್ರೇಶ್ ಅವರು ಸಂಜೆ ತರಬೇತಿ ನೀಡುವರು. ಗೈರುಹಾಜರಾದವರಿಗೆ ಹಾಲ್ ಟಿಕೆಟ್ ಇರುವುದಿಲ್ಲ.”

ಶಿರೀಷಾ ಪ್ರಿನ್ಸಿಪಾಲರ ಕೋಣೆಗೆ ಹೋದಳು. “ಸರ್, ನಾನು ನಡಿಯೋದೇ ಹಿಂಗ್ರಿ. ಇದನ್ನ ಹೆಂಗ ತಿದ್ದಲಿ?”

ಹಾಲಸ್ವಾಮಿಯವರು ಆಕೆಯನ್ನು ಕೂರಿಸಿ, ನೀರು ಕೊಡಿಸಿ, ತಂದೆಯಂತೆ ತಿಳಿಹೇಳಿದರು. “ನೀನು ನಡಿಯೋದು ನಿನ್ನ ಸ್ವಂತ ವಿಷಯಮ್ಮ. ಇದು ಪ್ರಾತಿನಿಧ್ಯ.”

ತರಗತಿಯಲ್ಲಿ ಇಬ್ಬರೇ ವಿದ್ಯಾರ್ಥಿಗಳು: ಶಿರೀಷಾ, ಮತ್ತು ಈಗ ಕುಂಟುವವರ ಪಟ್ಟಿಗೆ ಸೇರಿದ್ದ ದುರುಗೇಶ. ಕೊಟ್ರೇಶ್ ಸರ್ ತಾವೇ ಕಾಲೆಳೆದು ತೋರಿಸುತ್ತಿದ್ದರು. ಅವರಿಗೆ ಅದು ಚೆನ್ನಾಗಿ ಬರುತ್ತಿತ್ತು. “ಅಕ್ಕಾ, ನೋಯ್ತೈತಿ,” ಎನ್ನುತ್ತಿದ್ದ ದುರುಗೇಶ. ನೋವು ಮುಖದಲ್ಲಿ ಇನ್ನೂ ಸ್ವಲ್ಪ ಕಾಣಲಿ ಎನ್ನುತ್ತಿದ್ದರು ಸರ್. ನಡಿಗೆಯ ಪರೀಕ್ಷೆಯಲ್ಲಿ ದುರುಗೇಶ ನಪಾಸಾದ. ಶಿರೀಷಾ ಎಳೆದಳು, ಭುಜ ಎತ್ತಿದಳು, ಯಾರೂ ಕೇಳದಿದ್ದರೂ ಬಲಗಣ್ಣು ಮುಚ್ಚಿದಳು. ಆಕೆಗೆ ಫಸ್ಟ್ ಕ್ಲಾಸ್ ಬಂತು.

ಆ ಸಂಜೆ ಆಲೂರಿನಲ್ಲಿ ಬಸ್ಸಿಳಿದು ಆಕೆ ಹಾಗೆಯೇ ಮನೆಯವರೆಗೂ ನಡೆದು ಬಂದಳು. ಬೇರೆ ಥರ ನಡೆಯೋಣವೆಂದರೆ ಕಾಲು ಒಂದು ಕ್ಷಣ ಯೋಚನೆ ಮಾಡುತ್ತಿತ್ತು. ಬಾಗಿಲಲ್ಲಿ ನಿಂತಿದ್ದ ತಾಯಿ ಗಾದಿಲಿಂಗಮ್ಮ ಗಾಬರಿಬಿದ್ದಳು.

“ಯವ್ವಾ, ಕಾಲಿಗೇನಾತು?”

“ಏನಿಲ್ಲಮ್ಮ. ಕಾಲೇಜಿನಾಗ ಕಲಿಸ್ಯಾರ.”

ಗಾದಿಲಿಂಗಮ್ಮ ಮಗಳ ಮುಖ ನೋಡಿದಳು, ಕಾಲು ನೋಡಿದಳು. ಓದಿದವರು ಕಲಿಸಿದ್ದೆಂದ ಮೇಲೆ ಕೇಳುವುದೇನಿದೆ? ಪಕ್ಕದ ಮನೆಯ ಲಿಂಗಕ್ಕನನ್ನು ಕೂಗಿ, “ನಮ್ಮ ಹುಡುಗಿ ನಡಿಯೋದ್ರಾಗ ಪಾಸಾಗ್ಯಾಳ,” ಎಂದು ಹೇಳಿದಳು. ಆಮೇಲೆ ಒಳಗೆ ಹೋಗಿ, ಮಗಳು ಕಾಲು ಎಳೆಯಲು ಅಡ್ಡವಾಗದಂತೆ ದಾರಿಯಲ್ಲಿದ್ದ ನೀರಿನ ಕೊಡವನ್ನು ಎತ್ತಿ ಗೋಡೆಯ ಪಕ್ಕಕ್ಕೆ ಇಟ್ಟಳು.