ಹಳದಿ ಪೊಟ್ಟಣ ಮತ್ತು ಹದಿನಾಲ್ಕು ನಕ್ಷತ್ರದ ನೀರು

ಎಲ್ಲದಕ್ಕೂ ಮೂಲ ಆ ಪೊಟ್ಟಣ. ಟೆಸ್ಟ್ ಕಂಪ್ಯೂಟರಿನ ತಲೆಯ ಮೇಲೆ ಕೂತಿದ್ದ ಹಸಿರು ಪೊಟ್ಟಣ, ಒಳಗೆ ಕೊಬ್ಬರಿ ರುಚಿಯ ಜೋಳದ ಕುರುಕಲು. ಅದರ ವಾಯಿದೆ ನಿನ್ನೆಗೆ ಮುಗಿದಿತ್ತು. ಹಸಿರು ಪೊಟ್ಟಣ ಇಟ್ಟರೆ ಮಾತ್ರ ಯಂತ್ರ ಹೇಳಿದ ಮಾತು ಕೇಳುತ್ತದೆ ಎಂಬುದು ಕಾವ್‌ಷ್ಯುಂಗ್ ಊರಿನ ಆಫೀಸುಗಳ ನಂಬಿಕೆ. ಅದನ್ನು ಒಡೆಯಬಾರದು, ತಿನ್ನಬಾರದು, ಹಳಸಲು ಬಿಡಬಾರದು.

ಷಿ-ಲುನ್‌ಗೆ ಅದನ್ನೆಲ್ಲ ನೋಡುವ ವ್ಯವಧಾನವಿರಲಿಲ್ಲ. ಮೂರು ವರ್ಷದಿಂದ ಈ ಪುಟ್ಟ ಗೇಮ್ ಕಂಪನಿಯಲ್ಲಿ ಅವನು ಮಾಡಿದ್ದು ಬರೀ ಬಟನ್‌ಗಳು: ‘ಶುರು’, ‘ನಿಲ್ಲಿಸು’, ‘ಹಿಂದಕ್ಕೆ’. ಈಗ ಕಂಪನಿ ಸೀಗಡಿ ಹಿಡಿಯುವ ಗೇಮ್ ಮಾಡಲು ಹೊರಟಿತ್ತು. ಸೀಗಡಿಗೆ ಕೊಳ ಬೇಕು, ಕೊಳಕ್ಕೆ ನೀರು ಬೇಕು. ಪರದೆಯ ಮೇಲೆ ನೀರು ಹರಿಸುವ ಕೋಡನ್ನು ಯಾರೋ ಪುಣ್ಯಾತ್ಮರು ಬರೆದು ಲೋಕಕ್ಕೆ ಬಿಟ್ಟಿಯಾಗಿ ಬಿಟ್ಟಿರುತ್ತಾರೆ. ಅಂಥ ಕೋಡಿನ ಎರಡು ಕಣಜಗಳನ್ನು, ಅಂದರೆ ರೆಪೊಗಳನ್ನು, ಹೋಲಿಸಿ ಸಂಜೆ ಐದಕ್ಕೆ ವರದಿ ಕೊಡಬೇಕಿತ್ತು.

“ನೀನು ಆರಿಸಿದ್ದು ಸರಿ ಅನ್ನಿಸಿದ್ರೆ ನೀರಿನ ಕೆಲಸ ನಿಂದೇ,” ಎಂದಿದ್ದರು ಬಾಸ್ ಯೆನ್. “ಇಲ್ಲಾಂದ್ರೆ ಹೊಸ ಗೇಮಿಗೆ ಎಂಬತ್ತು ಬಟನ್ ಬೇಕು, ಗೊತ್ತಲ್ಲ?”

ಒಂದು ರೆಪೊಗೆ ಮೆಚ್ಚಿದವರು ಕೊಟ್ಟ ನಕ್ಷತ್ರ ಹನ್ನೆರಡು ಸಾವಿರ, ನೋಡಿಕೊಳ್ಳುವವರು ನೂರು ಜನ. ಇನ್ನೊಂದಕ್ಕೆ ಹದಿನಾಲ್ಕೇ ನಕ್ಷತ್ರ. ನೋಡಿಕೊಳ್ಳುವವನೂ ಒಬ್ಬನೇ, ‘ಮುದಿ ಏಡಿ’ ಎಂಬ ಹೆಸರಿನವನು. ಆದರೆ ತನ್ನ ಕಂಪ್ಯೂಟರಿನಲ್ಲಿ ಹರಿಸಿ ನೋಡಿದಾಗ ದೊಡ್ಡ ರೆಪೊದ ನೀರು ಕೊಳಕ್ಕಿಳಿದರೆ ಬಕೆಟ್ಟಿನಲ್ಲಿ ಬಿರುಗಾಳಿ ಎದ್ದಂತಿತ್ತು. ಏಡಿಯ ನೀರಿನಲ್ಲಿ ಸೀಗಡಿ ಬಾಲ ಬಡಿದರೆ ಅಲೆ ದಡ ಮುಟ್ಟಿ ನಾಚಿಕೊಂಡು ವಾಪಸು ಬರುತ್ತಿತ್ತು. ಷಿ-ಲುನ್ ಆ ನೀರಿಗೆ ಸೋತುಹೋಗಿದ್ದ.

“ಹನ್ನೆರಡು ಸಾವಿರ ಕಣೋ!” ಪಕ್ಕದ ಮೇಜಿನ ಕುವಾನ್ ಕಿಚಾಯಿಸಿದ. “ನಿನ್ನ ಏಡಿಗೆ ಹದಿನಾಲ್ಕು. ಅದ್ರಲ್ಲಿ ಒಂದು ನೀನೇ ಕೊಟ್ಟಿದ್ದು.”

“ಷಿ-ಲುನ್, ನಾನಂತೂ ಕ್ಯೂ ನೋಡಿಯೇ ಹೋಟೆಲ್ ಒಳಗೆ ಹೋಗೋಳು,” ಎಂದಳು ಆಫೀಸಿನ ಹಿರಿಯಕ್ಕ ಫಾಂಗ್. “ಕ್ಯೂ ಇಲ್ಲದ ಅಂಗಡೀಲಿ ಬಾತುಕೋಳಿ ತಿಂದು ಮೂರು ದಿನ ಮಲಗಿದ್ದೆ.”

“ಒಬ್ಬನೇ ನೋಡ್ಕೊಳ್ಳೋದಂತೆ. ಅವನು ಯಾರೋ, ಏನು ಕಲಿತಿದಾನೋ!” ಎಂದ ಕುವಾನ್.

ಷಿ-ಲುನ್‌ಗೆ ರೋಷ ಬಂತು. ಅಂಕ ಕೊಡಲು ಮಾಡಿಕೊಂಡಿದ್ದ ಐದು ನಿಯಮಗಳ ಹೋಲಿಕೆ ಪಟ್ಟಿಗೆ ಆರನೆಯ ನಿಯಮ ಸೇರಿಸಿದ: ‘ಒಬ್ಬನೇ ನೋಡಿಕೊಳ್ಳುವ ರೆಪೊ ಆಗಿದ್ದು, ಅವನಿಗೆ ಗ್ರಾಫಿಕ್ಸ್‌ನಲ್ಲಿ ಅನುಭವವಿಲ್ಲದಿದ್ದರೆ ಆ ರೆಪೊ ತಿರಸ್ಕೃತ.’ ರೆಪೊ ಪುಟದ ಪ್ರಕಾರ ಏಡಿಗೆ ಮೂವತ್ತು ವರ್ಷದ ಅನುಭವವಿತ್ತು. ಬಾಸ್ ನಿಯಮಗಳಿಗೆಲ್ಲ ಸಹಿ ಹಾಕಿದರು.

ಆಗಲೇ ಫಾಂಗ್ ಅಕ್ಕ ಪೊಟ್ಟಣದ ತಾರೀಖು ನೋಡಿ ಚೀರಿದ್ದು. ಷಿ-ಲುನ್ ಮೂಲೆಯಂಗಡಿಗೆ ಓಡಿದ. ಹಸಿರು ಖಾಲಿಯಾಗಿತ್ತು. ತಿಂಡಿ ತಿಂಡಿಯೇ ತಾನೆ ಎಂದುಕೊಂಡು ಹಳದಿ ತಂದಿಟ್ಟು, ಟೆಸ್ಟ್ ಕಂಪ್ಯೂಟರಿನಲ್ಲಿ ಏಡಿಯ ನೀರನ್ನು ಮೊದಲ ಸಲ ಹರಿಸಿದ. ಕೊಳ ಸೋಯಾ ಸಾಸಿನಂತೆ ಕಪ್ಪಾಯಿತು. ಸೀಗಡಿಗಳು ಮೇಲೆದ್ದು ಗಾಳಿಯಲ್ಲಿ ನಡೆಯತೊಡಗಿದವು.

“ಹಳದಿನಾ? ಬುದ್ಧಿ ಇದೆಯೇನೋ ನಿಂಗೆ?” ಫಾಂಗ್ ಅಕ್ಕ ಹಣೆ ಚಚ್ಚಿಕೊಂಡಳು. “ರಸ್ತೇಲಿ ಹಳದಿ ದೀಪ ಕಂಡ್ರೆ ಜನ ನಿಲ್ಲೋದೋ ಹೋಗೋದೋ ಅಂತ ತಬ್ಬಿಬ್ಬಾಗಲ್ವಾ? ಯಂತ್ರನೂ ಅದನ್ನೇ ಮಾಡಿದೆ!”

ಅವಳು ಹಳದಿ ಪೊಟ್ಟಣಕ್ಕೆ ಹಸಿರು ಕಾಗದ ಸುತ್ತತೊಡಗಿದಳು. ಯಂತ್ರಕ್ಕೆ ಮೋಸ ಮಾಡುವುದು ಇನ್ನೂ ಅಪಾಯ ಎಂದು ಕುವಾನ್ ವಾದಕ್ಕಿಳಿದ. ಆ ಗದ್ದಲದ ನಡುವೆ ಷಿ-ಲುನ್ ಏಡಿಯ ಕೋಡನ್ನು ಸಾಲು ಸಾಲಾಗಿ ಓದಿದ. ಟೆಸ್ಟ್ ಕಂಪ್ಯೂಟರಿನಂಥ ಯಂತ್ರಗಳಲ್ಲಿ ಮಾತ್ರ ಓಡುವ ಒಂದು ಸಾಲಿನಲ್ಲಿ ಕಳೆಯುವ ಚಿಹ್ನೆ ಬಿಟ್ಟುಹೋಗಿತ್ತು. ಹಾಕಿದ. ನೀರು ತಿಳಿಯಾಯಿತು.

“ನೋಡಿದ್ಯಾ, ಹಸಿರು ಕಾಗದದ ಮಹಿಮೆ!” ಎಂದಳು ಫಾಂಗ್ ಅಕ್ಕ.

ಷಿ-ಲುನ್ ತಿದ್ದುಪಡಿಯನ್ನು ಏಡಿಗೆ ಕಳಿಸಿದ. ಹತ್ತೇ ನಿಮಿಷಕ್ಕೆ ಉತ್ತರ ಬಂತು: ‘ಏಳು ವರ್ಷದಲ್ಲಿ ಬಂದವರೆಲ್ಲ ದೂರು ತಂದರು. ರಿಪೇರಿ ತಂದವನು ನೀನೊಬ್ಬನೇ, ಮಗು.’ ಷಿ-ಲುನ್‌ನ ಕಣ್ಣು ಒದ್ದೆಯಾಯಿತು. ‘ಈ ನೀರಿಗಾಗಿ ನಾನು ಏನು ಬೇಕಾದರೂ ಮಾಡ್ತೀನಿ, ಗುರುಗಳೇ’ ಎಂದು ಬರೆದ.

ಐದು ಗಂಟೆ. ಅಂಕಗಳನ್ನೆಲ್ಲ ಕೂಡಿಸಿದಾಗ ಏಡಿ ಒಂದೇ ಒಂದು ಅಂಕದಿಂದ ಗೆದ್ದಿದ್ದ. ಬಾಸ್ ತಲೆದೂಗಿದರು. “ಭೇಷ್. ಎಲ್ಲಿ, ಆ ರೆಪೊ ಪುಟ ಒಂದ್ಸಲ ದೊಡ್ಡ ಪರದೆ ಮೇಲೆ ಹಾಕು, ನೋಡೋಣ.”

ಹಾಕಿದ. ಪುಟದ ನೆತ್ತಿಯ ಮೇಲೆ ಹೊಸ ಪ್ರಕಟಣೆಯಿತ್ತು: ‘ಇಂದಿನಿಂದ ಈ ರೆಪೊವನ್ನು ಷಿ-ಲುನ್ ಒಬ್ಬನೇ ನೋಡಿಕೊಳ್ಳುತ್ತಾನೆ. ಏನು ಬೇಕಾದರೂ ಮಾಡ್ತೀನಿ ಎಂದಿದ್ದಾನೆ. ನಾನು ನಿಜವಾದ ನೀರಿನ ಹತ್ತಿರ, ಮೀನು ಹಿಡಿಯಲು ಹೊರಟೆ. — ಮುದಿ ಏಡಿ.’

ಬಾಸ್ ಕನ್ನಡಕ ಏರಿಸಿ ಆರನೆಯ ನಿಯಮವನ್ನು ಮತ್ತೆ ಓದಿದರು. “ಇದನ್ನ ಬರೆದೋರು ಯಾರಪ್ಪ?”

“ನಾನೇ, ಬಾಸ್.”

“ಗ್ರಾಫಿಕ್ಸ್‌ನಲ್ಲಿ ನಿನ್ನ ಅನುಭವ?”

ಷಿ-ಲುನ್ ಬಾಯಿ ತೆರೆಯುವ ಮೊದಲೇ ಫಾಂಗ್ ಅಕ್ಕ ಅಕ್ಕರೆಯಿಂದ ಸಹಾಯಕ್ಕೆ ಬಂದಳು: “ಬಟನ್! ಮೂರು ವರ್ಷ ಬರೀ ಬಟನ್! ಎಷ್ಟು ಚೆನ್ನಾಗಿ ಮಾಡ್ತಾನೆ ಗೊತ್ತಾ!”

ದೊಡ್ಡ ರೆಪೊ ಗೆದ್ದಿತು. ನೀರು ಕುವಾನ್‌ನ ಪಾಲಾಯಿತು.

ಮೇಜಿಗೆ ಮರಳಿದರೆ ಏಡಿಯ ಕಾಲದ ಅರವತ್ತಮೂರು ದೂರುಗಳು ಷಿ-ಲುನ್‌ನ ಇಮೇಲಿಗೆ ಬಂದು ಬಿದ್ದಿದ್ದವು. ಎಲ್ಲಕ್ಕಿಂತ ಮೇಲಿನದನ್ನು ತೆರೆದ: ‘ನಿಮ್ಮ ಮಾದರಿ ಪುಟದಲ್ಲಿ “ಶುರು” ಬಟನ್ ವಾಲಿಕೊಂಡಿದೆ. ನಾಲ್ಕು ವರ್ಷದಿಂದ ಬಡ್ಕೋತಾ ಇದೀನಿ. ಅಲ್ಲಿ ಯಾರಾದ್ರೂ ಇದೀರಾ?’

‘ಇದೀನಿ’ ಎಂದು ಬರೆದ ಷಿ-ಲುನ್. ಆಮೇಲೆ ಹಸಿರು ಕಾಗದ ಬಿಚ್ಚಿ, ಹಳದಿ ಪೊಟ್ಟಣ ಒಡೆದು, ಕುರುಕುರು ತಿನ್ನುತ್ತ ಬಟನ್ ನೆಟ್ಟಗೆ ಮಾಡಲು ಕೂತ.