ಶರಣಪ್ಪನೊಡನೆ ನನ್ನ ವಿದೇಶಾಂಗ ನೀತಿ

ಕೇಳದವರಿಗೂ ಸಲಹೆ ಕೊಡುವುದು ನನ್ನ ಹುಟ್ಟುಗುಣ. ಗಂಗಾವತಿಯಲ್ಲಿ ಭತ್ತದ ದಲಾಲಿ ಮಾಡುತ್ತ ತಲೆ ನರೆಸಿಕೊಂಡವನು ನಾನು. ರೈತನಿಗೂ ಗಿರಣಿ ಸಾಹುಕಾರನಿಗೂ ನಡುವೆ ನಿಂತು, ಇಬ್ಬರಿಗೂ ತಾವೇ ಗೆದ್ದೆವೆಂದು ಅನಿಸುವಂತೆ ಮಾಡಿ ಕಳಿಸುವುದು ನನ್ನ ಕಸುಬು. ಹೀಗಾಗಿ ಯಾವುದೋ ಎರಡು ದೇಶಗಳು ಗಡಿಗೆ ಸೈನ್ಯ ತಂದು ನಿಲ್ಲಿಸಿದ ಸುದ್ದಿ ಟಿ.ವಿ.ಯಲ್ಲಿ ಬಂದರೆ ನನಗೆ ಸುಮ್ಮನೆ ಕೂರಲಾಗುವುದಿಲ್ಲ. "ಇಬ್ಬರನ್ನೂ ನನ್ನ ಅಂಗಡಿಗೆ ಕರಕೊಂಡು ಬರ್ರಿ, ಒಂದು ಚಾ ಕುಡಿಯೋದ್ರಾಗ ಮುಗಿಸಿ ಕಳಸ್ತೀನಿ" ಎನ್ನುತ್ತೇನೆ. ಟಿ.ವಿ. ಕೇಳಿಸಿಕೊಳ್ಳುವುದಿಲ್ಲ, ಅಡುಗೆಮನೆಯಿಂದ ನನ್ನ ಹೆಂಡತಿ ಶಾಂತವ್ವ ಕೇಳಿಸಿಕೊಳ್ಳುತ್ತಾಳೆ. "ಮೊದಲ ಮಗ್ಗಲ ಮನಿಯವರ ಜೋಡಿ ಮಾತಾಡ್ರಿ, ಆಮ್ಯಾಲ ಜಗತ್ತು ನೋಡೂಣಂತ" ಎನ್ನುತ್ತಾಳೆ. ಅಲ್ಲಿಗೆ ಲೋಕಕ್ಕೆ ನನ್ನ ಸೇವೆ ಮುಗಿಯುತ್ತದೆ.

ಮಗ್ಗಲ ಮನೆ ಶರಣಪ್ಪನದು. ಯಲಬುರ್ಗಾ ಕಡೆಯವನು, ಅವನದು ಜೋಳ, ಕಡಲೆ ಖರೀದಿ ಮಾಡುವ ವ್ಯಾಪಾರ. ನಾವಿಬ್ಬರೂ ಕೂಡಿಯೇ ಪ್ಲಾಟು ನೋಡಿ, ಕೂಡಿಯೇ ಚೌಕಾಸಿ ಮಾಡಿ ಕೊಂಡವರು. ಮಾರಿದ ಮನುಷ್ಯ ಇವತ್ತಿಗೂ ನಮ್ಮನ್ನು ದೂರದಿಂದ ಕಂಡರೆ ರಸ್ತೆ ದಾಟಿಬಿಡುತ್ತಾನೆ. ಎರಡೂ ಮನೆಗಳ ನಡುವೆ ಸೊಂಟದೆತ್ತರದ ಒಂದು ಗೋಡೆ. ಬೆಳಿಗ್ಗೆ ಆ ಗೋಡೆಯ ಮೇಲೆ ಒಂದು ಕಪ್ಪು ಚಹಾ ಬರುತ್ತಿತ್ತು. ಕಪ್ಪು ನನಗೆ, ಅದರ ಕೆಳಗಿನ ಬಸಿ ಅವನಿಗೆ. ಬಸಿಯಲ್ಲಿ ಸುರುವಿಕೊಂಡು ಅವನು ಸುರ್ರೆಂದು ಎಳೆಯುವ ಸದ್ದಿಗೆ ಓಣಿಯ ನಾಯಿ ಎದ್ದು ಕೂರುತ್ತಿತ್ತು. ನಮ್ಮ ಕಡೆಯಿಂದ ಹೊಸ ಅಕ್ಕಿ ಆಚೆ ಹೋದರೆ ಅವರ ಕಡೆಯಿಂದ ಬಿಸಿ ಜೋಳದ ರೊಟ್ಟಿ ಈಚೆ ಬರುತ್ತಿತ್ತು. ನನ್ನ ಮಗಳು ಗಿರಿಜಾ ಎಂ.ಎ.ಗೆ ರಾಜ್ಯಶಾಸ್ತ್ರ ತೆಗೆದುಕೊಂಡವಳು. ಅಂಗಳದಲ್ಲಿ ತಿರುಗಾಡುತ್ತ ಗಟ್ಟಿಯಾಗಿ ಓದದಿದ್ದರೆ ಅವಳಿಗೆ ತಲೆಗೆ ಹತ್ತುವುದಿಲ್ಲ. ಈ ಅಕ್ಕಿ-ರೊಟ್ಟಿಯ ಕೊಡುಕೊಳ್ಳುವಿಕೆಗೆ ದೇಶಗಳ ಭಾಷೆಯಲ್ಲಿ ಪರಸ್ಪರ ಅವಲಂಬನೆ ಎನ್ನುತ್ತಾರಂತೆ. ನಾನು ಅದನ್ನು ಬರೀ ರೊಟ್ಟಿ ಎಂದುಕೊಂಡಿದ್ದೆ.

ಹೋದ ವರ್ಷ ನಮ್ಮ ಓಣಿಯಲ್ಲಿ ಯಾರದೋ ಹಿತ್ತಲಿನಿಂದ ತಾಮ್ರದ ಹಂಡೆ ಕಳುವಾಯಿತು. ನಾನು ಮುಂದಾಲೋಚನೆಯ ಮನುಷ್ಯ, ಮರುದಿನವೇ ಗೇಟಿನ ಮೇಲೆ ಕಾವಲು ಕ್ಯಾಮೆರಾ ಹಾಕಿಸಿದೆ. ಅದನ್ನು ಕೂರಿಸಿದ ಹುಡುಗ ಯಾವ ಕೋನದಲ್ಲಿ ತಿರುಗಿಸಿದನೋ ಏನೋ, ನನ್ನ ಗೇಟು ಅರ್ಧ ಕಾಣುತ್ತಿತ್ತು, ಶರಣಪ್ಪನ ಕಟ್ಟೆ ಪೂರ್ತಿ ಕಾಣುತ್ತಿತ್ತು. ಶರಣಪ್ಪ ನನ್ನನ್ನು ಏನೂ ಕೇಳಲಿಲ್ಲ. ಶಾಂತವ್ವನನ್ನು ಕೇಳಿದ: "ತಂಗೀ, ನಾವೇನು ಹಂಡೆ ಕದಿಯವ್ರ ಹಂಗ ಕಾಣ್ತೀವೇನವಾ?" ಅವನೂ ನಕ್ಕ, ಅವಳೂ ನಕ್ಕಳು. ನಗೆಯಲ್ಲೇ ಮುಗಿಯಿತೆಂದು ನಾನೂ ಸುಮ್ಮನಾದೆ. ಎರಡು ದಿನ ಬಿಟ್ಟು ನೋಡಿದರೆ ಅವನ ಗೇಟಿನ ಮೇಲೂ ಒಂದು ಕ್ಯಾಮೆರಾ, ಅದರ ಮೂತಿ ನೇರ ನನ್ನ ಬಾಗಿಲಿಗೆ.

ನಾನು ಗೋಡೆಯ ಮೇಲೆ ಇಟ್ಟಂಗಿ ಏರಿಸಿದೆ. ಅವನು ಅದರ ಮೇಲೆ ತಗಡು ನಿಲ್ಲಿಸಿದ. ನಾನು ಗೇಟಿಗೆ ದೊಡ್ಡ ದೀಪ ಹಾಕಿಸಿದೆ. ಅವನು ಇನ್ನೂ ದೊಡ್ಡದು ಹಾಕಿಸಿದ. ಅದರ ಬೆಳಕಿನಲ್ಲಿ ಗಿರಿಜಾ ಅಂಗಳದಲ್ಲಿ ತಿರುಗಾಡುತ್ತ ಪುಕ್ಕಟೆ ಓದತೊಡಗಿದಳು. ಒಂದು ಸಂಜೆ ಓದು ನಿಲ್ಲಿಸಿ ನನ್ನನ್ನು ಕರೆದಳು.

"ಅಪ್ಪಾ, ಇಲ್ಲಿ ಕೇಳು. ಒಂದು ದೇಶ ತನ್ನ ರಕ್ಷಣಾಕ್ಕ ಅಂತ ಆಯುಧ ತಗೊಂತೈತಿ. ಮಗ್ಗಲ ದೇಶ ಅದನ್ನ ನೋಡಿ, ಇದು ನನ್ನ ಮ್ಯಾಲ ಬರಾಕ ಅಂತ ತಿಳಕೊಂಡು ತಾನೂ ತಗೊಂತೈತಿ. ಕಡೀಕ ಇಬ್ಬರಿಗೂ ಮೊದಲಿಗಿಂತ ಅಂಜಿಕಿ ಜಾಸ್ತಿ."

"ಇದಕ್ಕ ಏನಂತಾರ?"

"ಪುಸ್ತಕದಾಗ ಭದ್ರತೆಯ ಇಕ್ಕಟ್ಟು ಅಂತಾರ. ನಮ್ಮ ಓಣ್ಯಾಗ ಕಂಪೌಂಡ್ ಅಂತಾರ."

ಮಕ್ಕಳನ್ನು ಓದಿಸಿರಿ, ಬೇಡ ಎನ್ನುವುದಿಲ್ಲ. ಆದರೆ ಯಾವ ವಿಷಯ ಓದಿಸುತ್ತೀರಿ ಎಂಬುದನ್ನು ಎರಡು ಸಲ ಯೋಚಿಸಿರಿ ಎಂದು ನನ್ನ ಸಲಹೆ.

ಚಹಾ ನಿಂತಿತು. ರೊಟ್ಟಿಯೂ ನಿಂತಿತು. ಅದಕ್ಕೆ ಆರ್ಥಿಕ ನಿರ್ಬಂಧ ಎನ್ನುತ್ತಾರಂತೆ. ನಿರ್ಬಂಧದಿಂದ ಸರಕಾರಗಳಿಗೆ ಏನೂ ಆಗುವುದಿಲ್ಲ, ಬಡ ಪ್ರಜೆಗಳು ಬಳಲುತ್ತಾರೆ ಎಂದು ಗಿರಿಜಾಳ ಪುಸ್ತಕದಲ್ಲಿತ್ತು. ನಮ್ಮ ಮನೆಯಲ್ಲಿ ಸರಕಾರವೂ ನಾನೇ, ಬಳಲುವ ಪ್ರಜೆಯೂ ನಾನೇ. ಮೂರು ಹೊತ್ತೂ ಅನ್ನ ಉಂಡು ನಾಲಗೆ ಸಪ್ಪಗಾಯಿತು. ಖಾನಾವಳಿಗೆ ಹೋಗಿ ರೊಟ್ಟಿ ತಿಂದು ನೋಡಿದೆ. ಅದು ರೊಟ್ಟಿಯೇ, ಆದರೆ ಗೋಡೆಯ ಆಚೆಯಿಂದ "ಹಿಡಿಯೋ, ಕೈ ಸುಡಾಕತ್ತೈತಿ" ಎಂದು ಯಾರೂ ಒದರಲಿಲ್ಲ. ಹಾಲಿನ ಹನುಮವ್ವ ಮಾತ್ರ ಎರಡೂ ಮನೆಗೆ ಬಂದು, ಇಬ್ಬರ ಹಾಲಿಗೂ ಸಮನಾಗಿ ನೀರು ಬೆರೆಸಿ, ಅಲಿಪ್ತ ನೀತಿ ಕಾಯ್ದುಕೊಂಡಳು. ಹನುಮಸಾಗರದಿಂದ ನನ್ನ ಹೆಂಡತಿಯ ಅಣ್ಣ ಸಂಧಾನಕ್ಕೆಂದು ಬಂದ. ನಮ್ಮಲ್ಲಿ ಹೋಳಿಗೆ ಉಂಡ, ಅವರಲ್ಲಿ ಹೋಗಿ ರೊಟ್ಟಿ ಉಂಡ, "ಇಬ್ಬರೂ ಭಾಳ ಛಲೋ ಮಂದಿ" ಎಂದು ತೀರ್ಪು ಕೊಟ್ಟು ಸಂಜೆ ಬಸ್ಸಿಗೆ ಹೊರಟುಹೋದ.

ಇನ್ನು ಆ ಕ್ಯಾಮೆರಾದ ಕಥೆ. ಕಳ್ಳನನ್ನು ಅದು ಈವರೆಗೆ ಹಿಡಿದಿಲ್ಲ. ಆದರೆ ನಾನು ಅಂಗಡಿಯಲ್ಲಿ ಕುಳಿತು ಫೋನು ತೆರೆದರೆ ಅಲ್ಲಿ ಶರಣಪ್ಪ ಇರುತ್ತಿದ್ದ. ಕಟ್ಟೆಯ ಮೇಲೆ ಒಬ್ಬನೇ ಕುಳಿತು ಬಸಿಗೆ ಚಹಾ ಸುರುವಿಕೊಳ್ಳುತ್ತಿದ್ದ; ಕಪ್ಪಿನಲ್ಲಿ ಉಳಿದದ್ದನ್ನು ಏನು ಮಾಡಬೇಕೋ ತಿಳಿಯದೆ ಒಂದಿಷ್ಟು ಹೊತ್ತು ನೋಡುತ್ತಿದ್ದ. ಆಮೇಲೆ ಗಿಡಕ್ಕೆ ಚೆಲ್ಲುತ್ತಿದ್ದ. ಗಿರಾಕಿಗಳು ಎದುರಿಗೆ ನಿಂತು "ಸಾಹುಕಾರ್ರ, ಸೋನಾ ಭತ್ತ ಏನು ರೇಟು ನಡದೈತ್ರಿ?" ಎಂದು ಕೇಳುತ್ತಿದ್ದರು; ನಾನು ಆ ಅರ್ಧ ಕಪ್ಪು ಚಹಾ ಮಣ್ಣಿಗೆ ಇಂಗುವುದನ್ನು ನೋಡುತ್ತಿದ್ದೆ. ಅದು ನನ್ನ ಪಾಲಿನದು.

ಹಾಗಾದರೆ ಹೋಗಿ ಮಾತನಾಡಿಸಬಾರದಿತ್ತೇ ಎಂದು ನೀವು ಕೇಳಬಹುದು. ನೀವು ವ್ಯಾಪಾರದವರಲ್ಲ. ಚೌಕಾಸಿಯ ಸೌದಾ ನಡುವೆ ಸಿಕ್ಕಿಕೊಂಡಾಗ ಮೊದಲು ಬಾಯಿ ತೆರೆದವನೇ ರೇಟು ಇಳಿಸಬೇಕು. ಇದು ನಮ್ಮ ಧಂದೆಯ ಕಟ್ಟುಪಾಡು. ಶರಣಪ್ಪನೂ ಅದರಲ್ಲೇ ಬೆಳೆದವನು. ಒಮ್ಮೆ ಒಬ್ಬ ರೈತನೆದುರು ಅವನು ಮಧ್ಯಾಹ್ನದ ಊಟ ಬಿಟ್ಟು ಕಲ್ಲಿನ ಹಾಗೆ ಕುಳಿತು ಕಡಲೆ ಖರೀದಿ ಮಾಡಿದ್ದನ್ನು ನಾನೇ ಕಂಡಿದ್ದೇನೆ. ಅಂಥವನ ಎದುರು ನಾನು ಮೊದಲು ಬಾಯಿ ತೆರೆಯುವುದೇ?

ಈ ನಡುವೆ ಒಂದು ದಿನ ಶಾಂತವ್ವ ಹಿಟ್ಟಿನ ಗಿರಣಿಯಿಂದ ಬಂದು, "ಶರಣಪ್ಪ ಅಣ್ಣಾರ ದಿನಾ ಕೇಳ್ತಾರಂತ್ರಿ, 'ಅವ ಏನಾರ ಅಂದ್ನೇನು' ಅಂತ. ನೀವು ಒಂದು ಮಾತು ಆಡ್ರಿ, ಸಾಕು" ಎಂದಳು. ಇಬ್ಬರ ಹೆಂಡಂದಿರೂ ಮಾತು ಬಿಟ್ಟೇ ಇರಲಿಲ್ಲ ಎಂಬುದು ನನಗೆ ಗೊತ್ತಾದದ್ದು ಆಗ. ಬೇರೆ ಯಾರಾದರೂ ಆಗಿದ್ದರೆ ಆ ಕ್ಷಣವೇ ಗೋಡೆ ಹಾರಿ ಹೋಗುತ್ತಿದ್ದರು. ನಾನು ದಲಾಲ. ಎದುರಿನವನಿಗೆ ಬೇಕಾಗಿದೆ ಎಂದು ತಿಳಿದ ಕೂಡಲೇ ನಾವು ಮಾಡುವ ಕೆಲಸ ಒಂದೇ: ಇನ್ನಷ್ಟು ಕಾಯುವುದು.

"ತಡಿಯವಾ, ಇಳಿಯಾಕ ಬಂದಾನ. ಇನ್ನೊಂದೀಟು ಬಿಟ್ರ ತಾನ ಬರ್ತಾನ" ಎಂದೆ.

"ನೀವಿಬ್ಬರೂ ಸತ್ತ ಮ್ಯಾಲ ಮಾತಾಡ್ರಿ" ಎಂದು ಶಾಂತವ್ವ ಹಿಟ್ಟಿನ ಡಬ್ಬಿ ಕುಕ್ಕಿ ಒಳಗೆ ಹೋದಳು.

ಕಾದೆ. ಅವನು ಬರಲಿಲ್ಲ, ಹನುಮವ್ವ ಬಂದಳು. "ನಿಮಗ ಗೊತ್ತಿಲ್ಲೇನ್ರಿ? ಆ ಮನಿಯವ್ರು ಕೊಪ್ಪಳಕ್ಕ ಹೊಂಟಾರ್ರಿ. ಮಗಳಿಗೆ ಅಲ್ಲೇ ನೌಕರಿ ಆತಂತ, ಕೂಸಿನ್ನ ನೋಡಾಕ ಯಾರೂ ಇಲ್ಲಂತ. ಹುಣ್ಣಿವಿ ಕಳದ್ರ ನನಗ ಹಾಲು ಬ್ಯಾಡ ಅಂದ್ರು." ಅವಳಿಗೆ ದಿನಾ ಹಾಲು ಕೊಳ್ಳುವ ಒಂದು ವರ್ತನೆ ಮನೆ ಹೋಗುವ ಚಿಂತೆ. ಸೌದಾದಲ್ಲಿ ಎದುರಿನವನು ಎದ್ದು ಹೋಗಬಹುದು ಎಂಬುದು ನನಗೆ ಗೊತ್ತಿಲ್ಲದ್ದೇನಲ್ಲ. ಎದ್ದು ಹೋದವನನ್ನು ಬಾಗಿಲವರೆಗೆ ಹೋಗಲು ಬಿಟ್ಟು ಆಮೇಲೆ ಕೂಗಬೇಕು, ಅದೂ ಒಂದು ಕಲೆ. ಹೀಗಾಗಿ ನಾನು ಅವನು ಬಾಗಿಲವರೆಗೆ ಹೋಗಲೆಂದು ಕಾದೆ.

ಟೆಂಪೊ ಬಂತು. ಮಂಚ, ಕಪಾಟು, ರೊಟ್ಟಿ ಹಂಚು ಎಲ್ಲಾ ಏರಿದವು. ನಾನು ಒಳಗಿನ ಖೋಲಿಯಲ್ಲಿ ಕುಳಿತು ಫೋನಿನಲ್ಲಿ ನೋಡುತ್ತಿದ್ದೆ. ಶರಣಪ್ಪ ಬಾಗಿಲಿಗೆ ಕೀಲಿ ಹಾಕಿದ, ಎಳೆದು ನೋಡಿದ. ಮೆಟ್ಟಿಲಿಳಿದು ನನ್ನ ಗೇಟಿನ ಹತ್ತಿರ ಬಂದು ನಿಂತ. ತಲೆಯೆತ್ತಿ ನೇರವಾಗಿ ಕ್ಯಾಮೆರಾ ನೋಡಿದ, ಎಂದರೆ ನನ್ನ ಮುಖವನ್ನೇ ನೋಡಿದ. ನಿಧಾನವಾಗಿ ಅವನ ತುಟಿಗಳು ಆಡಿದವು. ಒಂದಲ್ಲ ಎರಡಲ್ಲ, ನಾಲ್ಕಾರು ಮಾತು. ಆಮೇಲೆ ಟೆಂಪೊ ಹತ್ತಿದ. ನಾನು ಚಪ್ಪಲಿ ಹುಡುಕಿ ಹೊರಗೆ ಬರುವಷ್ಟರಲ್ಲಿ ಓಣಿಯಲ್ಲಿ ಧೂಳಷ್ಟೇ ಇತ್ತು.

ಏನು ಹೇಳಿದ? ನನ್ನ ಕ್ಯಾಮೆರಾಕ್ಕೆ ಚಿತ್ರ ಬರುತ್ತದೆ, ಧ್ವನಿ ಬರುವುದಿಲ್ಲ. ಧ್ವನಿಯದು ಬೇಕಾದರೆ ತುಸು ಹೆಚ್ಚಾಗುತ್ತದೆ ಎಂದು ಆ ಹುಡುಗ ಹೇಳಿದ್ದ. "ಕಳ್ಳ ಏನು ಬಂದು ಭಾಷಣ ಮಾಡ್ತಾನೇನಲೇ?" ಎಂದು ನಾನು ಕಡಿಮೆಯದನ್ನೇ ಇನ್ನೂ ಕಡಿಮೆ ಮಾಡಿಸಿ ಕೊಂಡಿದ್ದೆ.

ಆ ಚಿತ್ರವನ್ನು ಎಷ್ಟು ಸಲ ನೋಡಿದೆನೋ ದೇವರಿಗೇ ಗೊತ್ತು. ಮನೆಯಲ್ಲಿ ಸಭೆ ಕೂಡಿತು. "ಬರ್ತೀವಿ, ಹುಷಾರಿರು ಅಂದಾರ" ಎಂದಳು ಗಿರಿಜಾ. "ನಳ ಬಂದ್ರ ಟಾಕಿ ತುಂಬಿಸು ಅಂದಾರ" ಎಂದಳು ಶಾಂತವ್ವ. ನನಗೆ ಒಂದು ಸಲ ಬೈದ ಹಾಗೆ ಕಂಡಿತು. ಇನ್ನೊಂದು ಸಲ 'ಚಾಕ್ಕ ಬಾರೋ' ಎಂದ ಹಾಗೆ ಕಂಡಿತು. ನಿದ್ದೆ ಹತ್ತಲಿಲ್ಲ. ಕಡೆಗೆ, ಕೊಪ್ಪಳದಲ್ಲಿ ಒಬ್ಬ ವ್ಯಾಪಾರದ ಪಾರ್ಟಿಯನ್ನು ನೋಡುವುದಿದೆ ಎಂದು ಸುಳ್ಳು ಹೇಳಿ ಬಸ್ಸು ಹತ್ತಿದೆ. ಬಸ್ಸಿನಲ್ಲಿ ಸೀಟೂ ಸಿಗಲಿಲ್ಲ.

ಕೊಪ್ಪಳದ ಮನೆಯಲ್ಲಿ ಶರಣಪ್ಪನೇ ಬಾಗಿಲು ತೆಗೆದ. ಹೆಗಲ ಮೇಲೆ ಮೊಮ್ಮಗು ಮಲಗಿತ್ತು. ನನ್ನನ್ನು ಕಂಡು ಮುಖದಲ್ಲಿ ಒಂದು ಗೆರೆಯನ್ನೂ ಅಲುಗಿಸಲಿಲ್ಲ. ನಾನೇ ಕೇಳಿದೆ: "ಅವತ್ತ ಏನಂದಿ?"

ಶರಣಪ್ಪನ ಹೊಟ್ಟೆ ಕುಲುಕಾಡತೊಡಗಿತು. ಕೂಸು ಏಳಬಾರದೆಂದು ಸದ್ದಿಲ್ಲದೆ ನಕ್ಕ, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕ. "ಏನೂ ಅಂದಿಲ್ಲೋ ಮಾರಾಯ. ಬಾಯಿ ಅಷ್ಟ ಆಡಿಸಿದೆ. ನಿನ್ನ ಕ್ಯಾಮೆರಾಕ್ಕ ದನಿ ಇಲ್ಲಂತ, ನನ್ನ ಕ್ಯಾಮೆರಾ ಹಾಕಾಕ ಬಂದಾಗ ಆ ಹುಡುಗ ಹೇಳಿದ್ದ. ಕೇಳಾಕ ನೀ ಬಂದ ಬರ್ತಿ ಅಂತ ನನಗ ಗೊತ್ತಿತ್ತು."

"ಬರದಿದ್ರ?"

ಅವನು ಕೂಸನ್ನು ಇನ್ನೊಂದು ಹೆಗಲಿಗೆ ಹಾಕಿಕೊಂಡ. "ಬರದಿದ್ರ ಇನ್ನೊಮ್ಮೆ ಬಂದು ಆಡಸ್ತಿದ್ದೆ. ಒಳಗ ಬಾ."

ಒಂದೇ ಕಪ್ಪು ಚಹಾ ಬಂತು. ಆ ಮನೆಯ ಹೊಸ ಕಪ್ಪಿಗೆ ಬಸಿ ಇರಲಿಲ್ಲ. ಸ್ಟೀಲ್ ತಟ್ಟೆಯಲ್ಲಿ ಸುರುವಿಕೊಂಡ. ಏನು ಮಾತನಾಡಿದೆವೋ ನೆನಪಿಲ್ಲ, ಕಡಲೆ ರೇಟು ಇರಬೇಕು. ಬಸ್ಸಿನ ಹೊತ್ತಾಯಿತೆಂದು ಎದ್ದಾಗ "ಯಾವಾಗ ಬರ್ತಿ?" ಎಂದು ಅವನು ಮೊದಲು ಕೇಳಿದನೋ ನಾನು ಕೇಳಿದೆನೋ, ಅದೂ ನೆನಪಿಲ್ಲ.

ಮರಳುವಾಗ ಲೆಕ್ಕ ಹಾಕಿದೆ. ಇಷ್ಟು ವರ್ಷದ ದಲಾಲಿಯಲ್ಲಿ ಮೊದಲು ಬಾಯಿ ತೆರೆದು ಸೋತದ್ದು ಇದೇ ಮೊದಲು. ಅದೂ ಆಡದೇ ಇದ್ದ ಮಾತನ್ನು ಕೇಳಲು ಹೋಗಿ. ಸೋತದ್ದಕ್ಕೆ ನನಗೇನೂ ಬೇಸರವಿಲ್ಲ. ಆದರೆ ಇಷ್ಟು ಸುಲಭವಾಗಿ ಸೋಲಬಹುದೆಂದು ಗೊತ್ತಿದ್ದರೆ, ಅವನು ಗೋಡೆಯ ಆಚೆ ಇದ್ದಾಗಲೇ ಸೋತುಬಿಡುತ್ತಿದ್ದೆ. ಬಸ್ ಚಾರ್ಜಾದರೂ ಉಳಿಯುತ್ತಿತ್ತು.