ಮುದ್ದೆಯ ಹದ್ದುಬಸ್ತು

ನನಗೊಂದು ಚಟವಿದೆ. ಬೀಡಿ, ಇಸ್ಪೀಟು, ರಾಜಕೀಯ ಯಾವುದೂ ಅಲ್ಲ, ಅಳೆಯುವ ಚಟ. ಅದಕ್ಕೆ ನನ್ನೊಬ್ಬನನ್ನೇ ದೂರಬೇಡಿ. ಇಪ್ಪತ್ತೆಂಟು ವರ್ಷಗಳಿಂದ ಸರ್ಕಾರ ನನ್ನನ್ನು ಭೂಮಾಪಕ ಎಂದು ಕರೆದು ಸಂಬಳ ಕೊಡುತ್ತಿದೆ. ಮನೆ ಗುಂಡ್ಲುಪೇಟೆಯಲ್ಲಿ, ಕಚೇರಿ ಚಾಮರಾಜನಗರದಲ್ಲಿ, ಇವೆರಡರ ಸುತ್ತಮುತ್ತ ಅಣ್ಣತಮ್ಮಂದಿರು ಬದುವಿನ ಮೇಲೆ ನಿಂತು ಎಲ್ಲೆಲ್ಲಿ ಜಗಳವಾಡುತ್ತಾರೋ ಅಲ್ಲೆಲ್ಲ ನನ್ನ ಕೆಲಸ. ದಾಖಲೆ ನೋಡಿ, ಹೊಲ ಅಳೆದು, ಕಲ್ಲು ನೆಟ್ಟು ಗಡಿ ಗುರುತಿಸಿಕೊಡುವುದಕ್ಕೆ ನಮ್ಮಲ್ಲಿ ಹದ್ದುಬಸ್ತು ಎನ್ನುತ್ತಾರೆ. ಅದಕ್ಕೆ ಮುಂಚೆ ಅಕ್ಕಪಕ್ಕದ ಹೊಲದವರಿಗೆ, ಅಂದರೆ ಬಾಜುದಾರರಿಗೆ, ನೋಟೀಸು ಕೊಡಲೇಬೇಕು. ಏಕೆಂದರೆ ಒಬ್ಬನ ಹೊಲದಲ್ಲಿ ಕಡಿಮೆ ಬಂದ ಗುಂಟೆ ಆಕಾಶಕ್ಕೆ ಹಾರಿರುವುದಿಲ್ಲ, ಪಕ್ಕದವನ ಹೊಲದಲ್ಲೇ ಇರುತ್ತದೆ. ಕೆಲಸಕ್ಕೆ ಹೊಸದಾಗಿ ಸೇರಿದವರಿಗೆ ನಾನು ಹೇಳಿಕೊಡುವ ಮೊದಲನೆಯ ಪಾಠ ಇದು. ಇಷ್ಟು ವರ್ಷ ಇದನ್ನೇ ಮಾಡಿದವನಿಗೆ ಮದುವೆಗೆ ಹೋದರೂ ಮೊದಲು ಕಾಣುವುದು ಚಪ್ಪರದ ಉದ್ದಗಲ, ಮದುಮಗಳು ಆಮೇಲೆ. ಇಂಥವನಿಗೆ ಯಾವ ಕಾಯಿಲೆ ಬರಬೇಕೋ ಅದೇ ಬಂತು. ಸಕ್ಕರೆ ಕಾಯಿಲೆ. ಅದರಲ್ಲಿ ಕೆಮ್ಮಿಲ್ಲ, ನೆಗಡಿಯಿಲ್ಲ, ಆರಂಭದಲ್ಲಿ ನೋವೂ ಇಲ್ಲ. ಇರುವುದೆಲ್ಲ ಬರೀ ಅಂಕಿ. ನಿಜ ಹೇಳಬೇಕೆಂದರೆ ಹೆದರಿಕೆಗಿಂತ ಮೊದಲು ನನಗೆ ಹುಟ್ಟಿದ್ದು ಕುತೂಹಲ.

ಹೆದರಿಕೆಯನ್ನು ಹುಟ್ಟಿಸಿದವರು ನಮ್ಮೂರಿನ ಡಾಕ್ಟರಮ್ಮ. ಕರಾವಳಿ ಕಡೆಯವರು, ಚಿಕ್ಕ ವಯಸ್ಸು, ಮಾತು ಮೆದು. ಆ ಮೆದು ಮಾತಿನಲ್ಲೇ ಹೇಳಿದರು: "ನಿಮ್ಮ ಮೂರು ತಿಂಗಳ ಸಕ್ಕರೆಯ ಸರಾಸರಿ, ಎಚ್‌ಬಿಎ1ಸಿ, ಎಂಟೂವರೆ ದಾಟಿದೆ. ಮಾತ್ರೆ ಬರೆದಿದ್ದೇನೆ, ಆದರೆ ಅರ್ಧ ಕೆಲಸ ನಿಮ್ಮ ತಟ್ಟೆಯಲ್ಲೇ ಆಗಬೇಕು. ಇನ್ನು ಮೂರು ತಿಂಗಳಲ್ಲಿ ಏಳರ ಹತ್ತಿರ ಬರದಿದ್ದರೆ ಇನ್ಸುಲಿನ್ ಚುಚ್ಚಿಕೊಳ್ಳಬೇಕಾಗುತ್ತದೆ." ಬಂಡೀಪುರದ ಅಂಚಿನ ಹೊಲಗಳಲ್ಲಿ ಆನೆಯ ಲದ್ದಿ ಇನ್ನೂ ಹಬೆಯಾಡುತ್ತಿರುವಾಗಲೇ ನಾನು ಅಳತೆ ಮಾಡಿ ಬಂದವನು. ಹಾವನ್ನು ದಾಟಿಕೊಂಡು ಹೋದವನು. ಆದರೆ ಸೂಜಿ ಎಂದರೆ ಬಾಗಿಲು ಎಷ್ಟು ಅಡಿ ದೂರವಿದೆ ಎಂದು ನೋಡುವವನು. ಲಸಿಕೆ ಹಾಕಿಸಿಕೊಳ್ಳುವಾಗ ಎರಡು ಸಲ ಸಾಲಿನಿಂದ ತಪ್ಪಿಸಿಕೊಂಡಿದ್ದೆ, ಮೂರನೆಯ ಸಲ ಹೆಂಡತಿ ರಾಜಮ್ಮಣ್ಣಿ ಕೈ ಹಿಡಿದು ಕೂರಿಸಿಕೊಂಡಿದ್ದಳು. ಅವಳು ಈಗಲೂ ಪಕ್ಕದಲ್ಲೇ ಕೂತಿದ್ದಳು. "ಏನೇನ್ ಉಣ್ಬೋದು ಅಂತ ಏಳ್ಬುಡಿ ಡಾಕ್ಟ್ರೇ, ಮಿಕ್ಕುದ್ದ ನಾನು ನೋಡ್ಕತಿನಿ" ಎಂದಳು. ತರಕಾರಿ, ಕಾಳು ಹೆಚ್ಚು. ಅನ್ನ ಒಂದು ಸಣ್ಣ ಬಟ್ಟಲು. ಮುದ್ದೆಯಾದರೆ ಒಂದೇ ಒಂದು ಎಂದು ಡಾಕ್ಟರಮ್ಮ ಬರೆದುಕೊಟ್ಟರು. ಮುದ್ದೆ ಕೈಬಿಟ್ಟಿಲ್ಲವೆಂದು ತಿಳಿದದ್ದೇ ನನ್ನ ಜೀವಕ್ಕೆ ಸಮಾಧಾನವಾಯಿತು.

ಸಕ್ಕರೆ ಕಾಯಿಲೆಯ ಸುದ್ದಿ ಕಾಯಿಲೆಗಿಂತ ಬೇಗ ಹರಡುತ್ತದೆ. ಬೆಳಗಿನ ಬಸ್ಸು ತೆರಕಣಾಂಬಿ ತಲುಪುವಷ್ಟರಲ್ಲಿ ನನಗೆ ನಾಲ್ಕು ಔಷಧಿ ಗೊತ್ತಾಗಿದ್ದವು. ಒಬ್ಬರು ಹಾಗಲಕಾಯಿ ರಸ ಎಂದರು, ಒಬ್ಬರು ನೇರಳೆ ಬೀಜದ ಪುಡಿ ಎಂದರು, ಕಂಡಕ್ಟರ್ ಟಿಕೆಟ್ ಕೊಡುತ್ತಲೇ ನೆನೆಸಿದ ಮೆಂತ್ಯ ಎಂದ. ಅರಿಸಿನ ಮಂಡಿಯ ಲೆಕ್ಕದವರೊಬ್ಬರು, "ಏನೂ ಬ್ಯಾಡ ಬುಡಿ ಸಾ, ಮೂರೊತ್ತೂ ಇಟ್ಟುಣ್ಣಿ. ರಾಗಿ ತಿಂದವ್ನಿಗ ಸುಗರ್ ಎಲ್ಲಿಂದ ಬಂದದು?" ಎಂದು ಅಭಯ ಕೊಟ್ಟರು. ನಮ್ಮ ಕಡೆ ಮುದ್ದೆಗೆ ಹಿಟ್ಟು ಎನ್ನುತ್ತಾರೆ, ಬಾಯಲ್ಲಿ ಅದು ‘ಇಟ್ಟು’ ಆಗುತ್ತದೆ. ನಾಲ್ವರಲ್ಲಿ ನನಗೆ ಮೆಚ್ಚುಗೆಯಾದ ವೈದ್ಯರು ಇವರೇ. ಇನ್ನು ಬಸ್‌ಸ್ಟ್ಯಾಂಡಿನ ಬಳಿ ಮಲಯಾಳಿಯೊಬ್ಬರ ಟೀ ಅಂಗಡಿಯಿದೆ. ಸಕ್ಕರೆ ಹಾಕದ ಟೀಗೆ ಅವರ ಭಾಷೆಯಲ್ಲಿ ‘ವಿತೌಟ್’ ಎಂದೇ ಹೆಸರು. ನಾನು ನಾಲ್ಕು ಜನಕ್ಕೆ ಕೇಳುವಂತೆ "ಒಂದು ವಿತೌಟ್!" ಎಂದು ಕೂಗುತ್ತಿದ್ದೆ. ಅದರ ಜೊತೆಗೆ ಒಂದು ಪಳಂಪೊರಿ, ಅಂದರೆ ನೇಂದ್ರ ಬಾಳೆಹಣ್ಣನ್ನು ಹಿಟ್ಟಿನಲ್ಲಿ ಅದ್ದಿ ಕರಿದ ತಿಂಡಿ, ಕೇಳುವಾಗ ಮಾತ್ರ ಸ್ವರ ತಾನಾಗಿಯೇ ತಗ್ಗುತ್ತಿತ್ತು.

ಬೆರಳು ಚುಚ್ಚಿ ಸಕ್ಕರೆ ನೋಡುವ ಪುಟ್ಟ ಯಂತ್ರ ಮನೆಗೆ ಬಂದ ಮೊದಲ ವಾರ ಬೆರಳು ನನ್ನದು, ಚುಚ್ಚುವ ಕೈ ರಾಜಮ್ಮಣ್ಣಿಯದು, ಕಣ್ಣು ಮುಚ್ಚಿಕೊಳ್ಳುವುದು ನನ್ನ ಪಾಲು. ಎರಡನೆಯ ವಾರಕ್ಕೆ ಕುತೂಹಲ ಹೆದರಿಕೆಯನ್ನು ಗೆದ್ದಿತು. ಹೊಲದ ಅಳತೆ ಬರೆಯುವಂಥದ್ದೇ ಒಂದು ಫೀಲ್ಡ್ ಬುಕ್ ತೆಗೆದು ಗೆರೆ ಎಳೆದೆ: ತಿಂದದ್ದು, ಎಷ್ಟು, ಎರಡು ಗಂಟೆಯ ನಂತರ ಬಂದ ಅಂಕಿ. ಇಡ್ಲಿ ಮೂರಕ್ಕೆ ಇಷ್ಟು, ಉಪ್ಪಿಟ್ಟಿಗೆ ಇಷ್ಟು, ಹುರುಳಿಕಾಳಿನ ಜೊತೆ ಅನ್ನ ತಿಂದರೆ ಇಷ್ಟು, ಬರೀ ಸಾರಿನ ಜೊತೆ ತಿಂದರೆ ಇಷ್ಟು. ಊಟವಾದ ಮೇಲೆ ಅರ್ಧ ಗಂಟೆ ಬೀದಿ ಸುತ್ತಿದರೆ ಅಂಕಿ ಎಷ್ಟು ಇಳಿಯುತ್ತದೆ ಎಂದು ನೋಡುವುದರಲ್ಲಿ ಎಂಥ ಸುಖ! ಒಂದೇ ಒಂದು ವಿಷಯ ನನ್ನನ್ನು ಕಂಗೆಡಿಸಿತು. ಮುದ್ದೆ ಉಂಡ ದಿನವೆಲ್ಲ ಅಂಕಿ ಇನ್ನೂರ ಐವತ್ತು. ಬರೆದುಕೊಟ್ಟಂತೆ ಒಂದೇ ಮುದ್ದೆ, ಅದೂ ರಾಗಿಯದು, ಆದರೂ ಇನ್ನೂರ ಐವತ್ತು. ಅರಿಸಿನ ಮಂಡಿಯವರ ಮೇಲಿನ ಗೌರವ ಅಲ್ಲಾಡತೊಡಗಿತು.

ಅನುಮಾನ ಬಂದ ಮೇಲೆ ಅಳೆಯದೆ ಬಿಡುವುದುಂಟೆ? ಒಂದು ಮಧ್ಯಾಹ್ನ ನನ್ನ ಅವ್ವ ಕಟ್ಟಿ ತಟ್ಟೆಗಿಟ್ಟ ಮುದ್ದೆಯನ್ನು ಹಾಗೆಯೇ ಸ್ಟೀಲ್ ಡಬ್ಬಿಗೆ ಹಾಕಿಕೊಂಡು ಮೂಲೆಯ ದಿನಸಿ ಅಂಗಡಿಯ ತಕ್ಕಡಿಗೆ ಇಟ್ಟೆ. ಡಬ್ಬಿಯ ತೂಕ ಕಳೆದು, ಅರ್ಧ ಕೆಜಿಗೆ ಹದಿನೈದು ಗ್ರಾಮ್ ಕಡಿಮೆ. ಅದೇ ಡಬ್ಬಿಯನ್ನು ಡಾಕ್ಟರಮ್ಮನ ಮೇಜಿನ ಮೇಲಿಟ್ಟು ಮುಚ್ಚಳ ತೆಗೆದೆ. ಅವರು ಬಗ್ಗಿ ನೋಡಿ, "ಇದು ಮನೆಯವರಿಗೆಲ್ಲ ಸೇರಿ ಒಂದಾ?" ಎಂದರು. ಆಗ ಗೊತ್ತಾಯಿತು, ನಾವಿಬ್ಬರೂ ಬೇರೆಬೇರೆ ಮುದ್ದೆಯ ವಿಷಯ ಮಾತಾಡುತ್ತಿದ್ದೆವೆಂದು. ಅವರು ಮುದ್ದೆ ಕಂಡದ್ದು ಹೋಟೆಲಿನಲ್ಲಿ. ತಮ್ಮ ಪುಟ್ಟ ಮುಷ್ಟಿ ಮುಚ್ಚಿ ತೋರಿಸಿ, "ಇಷ್ಟು" ಎಂದರು. ರಾಗಿಯಲ್ಲೂ ಪಿಷ್ಟವಿದೆ, ನಾರು ಇರುವುದು ನಿಜ, ಹಾಗಂತ ಬೆಟ್ಟದಷ್ಟು ತಿಂದರೆ ಸಕ್ಕರೆ ಏರದೆ ಇರುವುದಿಲ್ಲ ಎಂದು ವಿವರಿಸಿದರು.

ಮನೆಯಲ್ಲಿ ನಾನು ಮುಷ್ಟಿ ಮುಚ್ಚಿ ತೋರಿಸಿದಾಗ ಅವ್ವ ನಕ್ಕುಬಿಟ್ಟಳು. "ಅದು ಇಟ್ಟೇನ್ಲಾ? ಕೂಸ್ಗ ತಿನ್ಸ ತುತ್ತು ಅದು! ಯಾರಾದ್ರೂ ಬಂದು ಕಂಡ್ರ ಮಗುನ್ಗ ಉಣ್ಣಕ್ಕಿಕ್ದೆ ಸಾಯಿಸ್ತಾವ್ಳೆ ಅಂದಾರು ಕಣಪ್ಪ" ಎಂದಳು. ಅವ್ವನಿಗೆ ಎಪ್ಪತ್ತಾರು. ನಮ್ಮ ಮನೆಯಲ್ಲಿ ಈಗ ಮೂರೇ ಜನ, ಆದರೆ ಅವಳು ಒಲೆಯ ಮೇಲಿಡುವ ಎಸರು ಹಿಂದೆ ಏಳು ಜನ ಇದ್ದಾಗಿನದೇ. ಜೊತೆಗೆ, ಹೇಳದೆ ಕೇಳದೆ ಬಂದವರಿಗೆಂದು ಒಂದಾಳಿನ ಊಟ ಮಡಕೆಯಲ್ಲಿ ಯಾವಾಗಲೂ ಇರಬೇಕು. ಇಲ್ಲದಿದ್ದರೆ ಅದು ಸಂಸಾರಸ್ಥರ ಮನೆಯೇ ಅಲ್ಲ. ಕೊನೆಗೆ ರಾಜಿಯಾಯಿತು. ಅವ್ವ ತನ್ನ ಮರ್ಯಾದೆಗೆ ತಕ್ಕ ಮುದ್ದೆಯನ್ನೇ ಕಟ್ಟುವುದು, ನಾನು ಮುಟ್ಟುವ ಮೊದಲು ಅದರ ಮೇಲೆ ಒದ್ದೆ ಚಮಚದಿಂದ ಗೆರೆ ಎಳೆದು ಹದ್ದುಬಸ್ತು ಮಾಡುವುದು. ಗೆರೆಯ ಈಚೆಗಿನ ಮೂರರಲ್ಲೊಂದು ಪಾಲು ನನ್ನದು. ಆಚೆಗಿನದನ್ನು ರಾಜಮ್ಮಣ್ಣಿ ಬೇರೆ ತಟ್ಟೆಗೆ ತೆಗೆದುಕೊಂಡು ಒಳಗೆ ಹೋಗುತ್ತಿದ್ದಳು. ಅನ್ನದ್ದೂ ಹಾಗೇ. ಯುಗಾದಿಯ ದಿನ ನನ್ನ ಪಾಲಿನ ನಾಲ್ಕು ಒಬ್ಬಟ್ಟಿನಲ್ಲಿ ಅರ್ಧ ಮುರಿದುಕೊಂಡು ಮೂರೂವರೆಯನ್ನು ದೂರ ತಳ್ಳಿದಾಗ ನನ್ನ ಬಗ್ಗೆ ನನಗೇ ಕಣ್ಣು ತುಂಬಿ ಬಂತು. ಅವಳು ಅದನ್ನೂ ಎತ್ತಿಕೊಂಡು ಹೋದಳು.

ನನ್ನ ಅಂಕಿಗಳು ಇಳಿದವು. ಇನ್ನೂರ ಐವತ್ತು ಇನ್ನೂರಾಯಿತು, ನೂರ ಅರವತ್ತಾಯಿತು. ಪಳಂಪೊರಿಯನ್ನೂ ಬಿಟ್ಟೆ. ಬಿಟ್ಟವನು ಸುಮ್ಮನಿದ್ದೆನೇ? ಬಸ್ಸಿನಲ್ಲಿ, ಕಚೇರಿಯಲ್ಲಿ, ಸಂತೆಮರಹಳ್ಳಿಯ ಬಳಿ ಹೊಲ ಅಳೆಯಲು ಹೋದಾಗ ಜಗಳವಾಡುತ್ತಿದ್ದ ಅಣ್ಣತಮ್ಮಂದಿರಿಗೂ ಆಹಾರದ ಬಗ್ಗೆ ಉಪನ್ಯಾಸ ಕೊಟ್ಟೆ. ಅವರು ಉಪನ್ಯಾಸದಿಂದ ಪಾರಾಗಲೆಂದೇ ರಾಜಿಯಾದರೆಂದು ಜೊತೆಯವರು ಹೇಳುತ್ತಾರೆ. ಆ ದಿನಗಳಲ್ಲಿ ರಾಜಮ್ಮಣ್ಣಿ ಆಗಾಗ ಅಡುಗೆಮನೆಯ ಹೊಸಿಲ ಮೇಲೆ ಕೂತುಬಿಡುತ್ತಿದ್ದಳು. "ಸುಸ್ತು ಕಣ್ರೀ, ಎಷ್ಟ್ ನೀರ್ ಕುಡುದ್ರೂವೆ ದಾವ ಓಗಾಕಿಲ್ಲ" ಎಂದರೆ, ನಾನು ಫೀಲ್ಡ್ ಬುಕ್ಕಿನಿಂದ ತಲೆ ಎತ್ತದೆ, "ಬಿಸಿಲು ಜಾಸ್ತಿಯಲ್ಲವಾ, ಮಜ್ಜಿಗೆ ಕುಡಿ" ಎನ್ನುತ್ತಿದ್ದೆ.

ಮೂರು ತಿಂಗಳು ತುಂಬಿತು. ಫಲಿತಾಂಶ: ಆರು ಪಾಯಿಂಟ್ ಒಂಬತ್ತು. ಸೂಜಿ ಬೇಡವೆಂದು ಡಾಕ್ಟರಮ್ಮ ಹೇಳಿದಾಗ ಅವರ ಮೇಜಿನ ಕೆಳಗೆ ನನ್ನ ಮೊಣಕಾಲು ಕುಣಿದವು. ಮನೆಗೆ ಬಂದವನೇ ಅವ್ವನನ್ನೂ ರಾಜಮ್ಮಣ್ಣಿಯನ್ನೂ ಕೂರಿಸಿಕೊಂಡು, ಕಾಯಿಲೆಯಿಲ್ಲದವರ ಅಂಕಿ ಎಷ್ಟಿರುತ್ತದೆಂದು ಹೋಲಿಸಿ ನೋಡುವ ಆಸೆಯಿಂದ ಯಂತ್ರ ತೆಗೆದೆ. ನಾನು ಡಾಕ್ಟರಮ್ಮನಲ್ಲಿಗೆ ಹೊರಡುವ ಮೊದಲೇ ಮೂವರ ಊಟವೂ ಆಗಿ, ಈಗ ಎರಡು ಗಂಟೆ ಕಳೆದಿತ್ತು. ಅವ್ವ ಬೆರಳು ಚಾಚಿದಳು: ನೂರ ಹನ್ನೆರಡು. ದಿನವೂ ಒಂದು ದೊಡ್ಡ ಮುದ್ದೆ ಉಂಡು, ಹಿತ್ತಲಲ್ಲಿ ಸೊಪ್ಪು ಕುಯ್ದು, ನೀರು ಸೇದುವವಳಿಗೆ ನೂರ ಹನ್ನೆರಡು! ನನ್ನದು ನೂರ ನಲವತ್ತು. ಹೆಂಡತಿಯ ಬೆರಳು ಚುಚ್ಚಿದೆ. ಮುನ್ನೂರ ನಾಲ್ಕು. ಯಂತ್ರ ಕೆಟ್ಟಿದೆಯೆಂದು ಅವಳ ಕೈ ತೊಳೆಸಿ, ಬೇರೆ ಬೆರಳು ಚುಚ್ಚಿದೆ. ಮುನ್ನೂರ ಒಂದು.

"ಏನು ತಿಂದೆ?" ಎಂದು ಕೇಳಿದೆ. ಸ್ವರ ಸ್ವಲ್ಪ ಜೋರಾಗಿಯೇ ಇತ್ತೇನೋ.

"ಇನ್ನೇನ್ ತಿಂದನು? ನನ್ ಪಾಲಿಂದು, ಆಮ್ಯಾಕ ನೀವ್ ಗೆರೆ ಎಳ್ದು ಬುಟ್ಟಿದ್ದು" ಎಂದಳು. "ರಾಗಿ ಇಟ್ಟ ಎಸ್ಯಕ್ಕಾದ್ದಾ? ಹಸ ಇದ್ದಾಗ ಅದ್ರ ಕಲ್ಗಚ್ಚಿನ ಬಾನಿಗಾದ್ರೂ ಓಯ್ತಿತ್ತು. ಈಗ ಹಸ ಇಲ್ಲ, ನಾನಿವ್ನಿ."

ಮೂರು ತಿಂಗಳ ಮುದ್ದೆ, ಅನ್ನ, ದೇವರ ಮುಂದಿನ ಬಾಳೆಹಣ್ಣು, ಮೂರೂವರೆ ಒಬ್ಬಟ್ಟು. ನನ್ನ ತಟ್ಟೆಯಲ್ಲಿ ಕಡಿಮೆ ಬಂದದ್ದೆಲ್ಲ ಎಲ್ಲಿದೆಯೆಂದು ನಾನು ಒಂದು ದಿನವೂ ಕೇಳಿರಲಿಲ್ಲ. ಹೊಸಬರಿಗೆ ನಾನೇ ಹೇಳಿಕೊಡುವ ಮೊದಲ ಪಾಠ! ಬಾಜುದಾರಳಿಗೆ ನೋಟೀಸಿಲ್ಲ, ಅವಳ ಹೊಲದ ಅಳತೆಯಿಲ್ಲ. ನನ್ನ ಸಕ್ಕರೆಯನ್ನು ಅವಳ ಕಡೆಗೆ ತಳ್ಳಿ ನನ್ನ ಗಡಿ ಸರಿಯಿದೆಯೆಂದು ಬೀಗಿದ್ದೆ. ತುಂಬಾ ನಾಚಿಕೆಯಾಯಿತು, ಹೆದರಿಕೆಯೂ ಆಯಿತು. ಆ ಹೆದರಿಕೆ ಸೂಜಿಯದಾಗಿರಲಿಲ್ಲ.

ಮಾರನೆಯ ದಿನ ಡಾಕ್ಟರಮ್ಮನಲ್ಲಿ ಅವಳ ರಕ್ತ ಪರೀಕ್ಷೆಯಾಯಿತು. "ಇವರಿಗೆ ಮೊದಲೇ ಶುರುವಾಗಿದ್ದಿರಬಹುದು, ನಿಮ್ಮ ಉಳಿಕೆಯಿಂದಲೇ ಬಂತು ಅನ್ನೋಕಾಗಲ್ಲ. ಆದರೆ ಅದು ಸಹಾಯವನ್ನಂತೂ ಮಾಡಿಲ್ಲ" ಎಂದರು. ಆಮೇಲೆ ನನ್ನತ್ತ ತಿರುಗಿ, "ಮೂರು ತಿಂಗಳಿಂದ ಮನೆಯಲ್ಲಿ ಮೀಟರ್ ಇತ್ತಲ್ಲ ಸರ್, ಸುಸ್ತು ಅಂದಾಗ ಒಂದು ಸಲ ನೋಡಬಹುದಿತ್ತಲ್ಲ?" ಎಂದು ಕೇಳಿದರು. ನಾನು ಅವರ ಕೋಣೆಯ ಉದ್ದಗಲ ನೋಡುತ್ತ ಕೂತೆ. ಹತ್ತಕ್ಕೆ ಹನ್ನೆರಡು ಅಡಿ ಇರಬಹುದು. ಅವಳಿಗೂ ಮಾತ್ರೆ ಬಂತು, ಅದೇ ಚೀಟಿ ಬಂತು, ಮೂರು ತಿಂಗಳ ಅದೇ ಗಡುವೂ ಬಂತು.

ಈಗ ಆಚೆಗಿನ ಪಾಲನ್ನು ಯಾರು ತಿನ್ನುವುದು? ಈ ಸಮಸ್ಯೆಯನ್ನು ಅವ್ವನ ಮುಂದಿಟ್ಟಾಗ ಅವಳು ಸೊಪ್ಪು ಬಿಡಿಸುತ್ತಲೇ ಹೇಳಿದಳು: "ಯಾರೂ ಬ್ಯಾಡ. ಎಸರ್ಗ ರಾಗಿ ಅಸಿಟ್ಟ ಕಮ್ಮಿ ಸುರಿತಿನಿ, ಮುಗುದೋಯ್ತು. ಬಂದವ್ರಿಗ ಬೇಕಾದ್ರ ಆಗ್ಲೇ ಬ್ಯಾರೆ ಎಸರಿಕ್ಕನ. ಸೊಸಕೂಸು ಮಿಕ್ಕುದ್ನೆಲ್ಲ ಉಣ್ತಾವ್ಳೆ ಅಂತ ನಂಗೊಂದ್ ಮಾತ್ ಏಳ್ಬಾರ್ದಾ? ನೀನು ತಟ್ಟಲಿರದ್ನೆಲ್ಲ ಅಳುದ್ಯಲ್ಲ ಮಗ, ಮಡ್ಕಗ ಬೀಳದ ಒಂದಿನ್ವಾದ್ರೂ ಅಳುದ್ಯಾ?" ಅಂದಿನಿಂದ ರಾಗಿಹಿಟ್ಟು ಅಳೆದು ಕೊಡುವುದು ನನ್ನ ಕೆಲಸ, ಮೂವರೂ ಒಟ್ಟಿಗೇ ಕೂತು ಉಣ್ಣುವುದು ಮನೆಯ ಕಟ್ಟಳೆ. ಊಟವಾದ ಮೇಲೆ ನಾನೂ ರಾಜಮ್ಮಣ್ಣಿಯೂ ಬೀದಿ ಸುತ್ತುತ್ತೇವೆ. ಇಷ್ಟು ವರ್ಷದಲ್ಲಿ ಅವಳೊಡನೆ ಅಷ್ಟು ಮಾತಾಡಿರಲಿಲ್ಲ.

ಫೀಲ್ಡ್ ಬುಕ್ಕಿನಲ್ಲಿ ಈಗ ಬಾಜುದಾರರ ಅಂಕಣವೂ ಇದೆ. ಅವಳ ಅಂಕಿ ವಾರವಾರವೂ ಇಳಿಯುತ್ತಿದೆ. ಪ್ರತಿ ಸಲ ನೂರರ ಕಡೆಗೆ ಸರಿದಾಗ ನನ್ನ ಎದೆಯ ಮೇಲಿನ ಕಲ್ಲು ಒಂದಿಷ್ಟು ಸರಿದಂತಾಗುತ್ತದೆ. ನಿನ್ನೆ ಸಂಜೆ ಅವಳದು ನೂರ ನಲವತ್ತೊಂದು, ನನ್ನದು ನೂರ ಎಂಬತ್ತಾರು. ಅವಳು ಎರಡೂ ಅಂಕಿಯನ್ನು ತಾನೇ ಬರೆದು, "ನಾವಿಬ್ರೂ ಉಂಡದ್ದು ಒಂದೇಯ. ಈ ನಲ್ವತ್ತೈದು ಎಲ್ಲಿಂದ ಬಂತು?" ಎಂದು ಕೇಳಿದಳು. ಯಂತ್ರ ಹಳೆಯದಾಯಿತು, ಒಮ್ಮೊಮ್ಮೆ ಹೀಗಾಗುತ್ತದೆ ಎಂದೆ. ಅವಳು ಎದ್ದಳು. ಗೂಟಕ್ಕೆ ತೂಗುಹಾಕಿದ್ದ ನನ್ನ ಅಂಗಿಯನ್ನು ತಂದು, ಜೇಬಿನ ಮೇಲಿನ ಎಣ್ಣೆ ಕಲೆಯನ್ನು ದೀಪಕ್ಕೆ ಹಿಡಿದು ನೋಡಿ, ಮೂಸಿ, ಬೆರಳಿಟ್ಟು ಅಳೆದು, ‘ತಿಂದದ್ದು’ ಎಂಬ ಕಡೆ ನನ್ನ ಹೆಸರಿನ ಕೆಳಗೆ ನಿಧಾನವಾಗಿ ಬರೆದಳು: ಪಳಂಪೊರಿ, ಒಂದು, ಉದ್ದ ನಾಲ್ಕು ಬೆರಳು.